ಗೆಳತಿಯನ್ನು ಹೊಗಳುವ ಮುನ್ನ

ಪ್ರೀತಿಯ ತಂಗಿಗೆ,

ಗೆಳತಿಯ ಹುಟ್ಟುಹಬ್ಬಕ್ಕೆಂದು ನೀನು ಬರೆದ ಲೇಖನವೂ ಅದರ ಜೊತೆಗಿಟ್ಟ ಚೀಟಿಯೂ ತಲುಪಿದವು. ಅವಳ ಮೇಲಿನ ಅಭಿಮಾನ ಮನಸ್ಸಿನಲ್ಲಿರುವಷ್ಟು ಹಾಳೆಯ ಮೇಲೆ ಇಳಿಯುತ್ತಿಲ್ಲ, ಬರವಣಿಗೆ ನಿನಗೆ ಒಲಿದಿಲ್ಲವೆಂದೇ ತೋರುತ್ತದೆ ಎಂದು ಚೀಟಿಯಲ್ಲಿ ಬರೆದಿದ್ದೀಯೆ. ಅದನ್ನು ಓದಿ ಸಂಕಟವಾಯಿತು, ಅದಕ್ಕೇ ತಡಮಾಡದೆ ಉತ್ತರಿಸುತ್ತಿದ್ದೇನೆ. ಲೇಖನ ಎಷ್ಟು ಉದ್ದವಿರಬೇಕು, ಯಾವ ಪತ್ರಿಕೆಗೆ ಕಳುಹಿಸಬೇಕು ಎಂಬ ಪ್ರಶ್ನೆಗಳನ್ನು ಸದ್ಯಕ್ಕೆ ಬಿಡು, ಅವಕ್ಕೆ ಉತ್ತರ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ.

ಮೊದಲ ಎರಡು ಪುಟಗಳಲ್ಲಿ ನಿನ್ನ ಗೆಳತಿ ಪ್ರಾಮಾಣಿಕತೆಯ ಸಾಕಾರಮೂರ್ತಿ, ಅಪ್ಪಟ ಬಂಗಾರ, ಕೆಸರಿನಲ್ಲಿ ಅರಳಿದ ಕಮಲ. ನಿವೃತ್ತರಾಗುವ ಯಾವ ಅಧಿಕಾರಿಗೆ ಕೊಡುವ ಬಿನ್ನವತ್ತಳೆಗೂ ಈ ಮಾತುಗಳು ಹೊಂದುತ್ತವೆ. ಮೂರನೆಯ ಪುಟದ ಕೊನೆಯಲ್ಲಿ, ಹೇಳಲೋ ಬೇಡವೋ ಎಂಬಂತೆ, ಒಂದು ವಾಕ್ಯ ಬರುತ್ತದೆ: ಗ್ರಾಮ ಪಂಚಾಯ್ತಿಯ ಅಭಿವೃದ್ಧಿ ಅಧಿಕಾರಿ (ಪಿಡಿಒ) ಆಗಿದ್ದ ಅವಳು ಉದ್ಯೋಗ ಖಾತ್ರಿ ಯೋಜನೆಯಾದ ನರೇಗಾದ ಒಂದು ಬಿಲ್ಲಿಗೆ ಒಪ್ಪಿಗೆ ಕೊಡದೆ ತುಂಬ ತೊಂದರೆ ಅನುಭವಿಸಿದಳು. ನಿನ್ನ ಲೇಖನ ಶುರುವಾಗುವುದೇ ಅಲ್ಲಿ, ಆದರೆ ನೀನು ಅಲ್ಲಿಗೆ ಮುಗಿಸಿಬಿಟ್ಟಿದ್ದೀಯೆ.

ಏನಾಯಿತೆಂದು ನೀನು ಬರೆದಿಲ್ಲವಾದರೂ ಹಳ್ಳಿಗಳನ್ನು ಬಲ್ಲವರು ಊಹಿಸಬಲ್ಲರು. ನರೇಗಾದ 2005ರ ಕಾಯ್ದೆ ಗುತ್ತಿಗೆದಾರರನ್ನು ಹೊರಗಿಟ್ಟಿತ್ತು, ಕೂಲಿಯವರ ಕೆಲಸ ಕಸಿಯುವ ಯಂತ್ರಗಳನ್ನೂ ಬೇಡವೆಂದಿತ್ತು. ಆದರೂ ಎಷ್ಟೋ ಕಡೆ ಕೃಷಿ ಹೊಂಡವನ್ನು ಜೆಸಿಬಿ ರಾತ್ರೋರಾತ್ರಿ ತೋಡಿ ಮುಗಿಸಿದೆ, ಕೂಲಿಯವರ ಹಾಜರಿ ಪಟ್ಟಿಯಾದ ಎನ್‌ಎಂಆರ್ ಹಾಳೆಯಲ್ಲಿ ಗುದ್ದಲಿ ಹಿಡಿಯದವರ ಹೆಸರಿಗೆ ಹಾಜರಿ ಬಿದ್ದಿದೆ. ಕೂಲಿಯ ಹಣ ಜಾಬ್ ಕಾರ್ಡ್ ಇದ್ದವರ ಖಾತೆಗೆ ಜಮೆಯಾದ ಮೇಲೆ, ಅದನ್ನು ತೆಗೆದುಕೊಟ್ಟವರ ಕೈಗೆ ಕೆಲಸ ಮಾಡಿಸಿದವನು ಒಂದಿಷ್ಟು ಪುಡಿಗಾಸು ಇಡುತ್ತಾನೆ. ಹಾಗಿದ್ದಲ್ಲಿ ನಿನ್ನ ಗೆಳತಿ ಬಿಲ್ಲು ತಡೆದಾಗ ಮುನಿಸಿಕೊಂಡವರು ಸದಸ್ಯರು, ಪುಢಾರಿಗಳು ಮಾತ್ರ ಆಗಿರಲಾರರು. ಆ ಪುಡಿಗಾಸನ್ನು ನೆಚ್ಚಿಕೊಂಡಿದ್ದ ಬಡ ಹೆಂಗಸರೂ ಪಂಚಾಯ್ತಿ ಕಟ್ಟೆಯ ಮುಂದೆ ನಿಂತು ಅವಳಿಗೆ ಹಿಡಿಶಾಪ ಹಾಕಿರಬಹುದು. ಯಾರ ಕೂಲಿಯ ಹಕ್ಕಿಗಾಗಿ ಅವಳು ಹಟ ಹಿಡಿದಳೋ ಅವರೇ ಬೈಯುವಾಗ ಅವಳು ಅವರಿಗೆ ಏನು ಉತ್ತರ ಕೊಟ್ಟಳು? ಅಂದು ಸಂಜೆ ಮನೆಗೆ ಹೋಗಿ ತಾಯಿಯ ಹತ್ತಿರ ಏನು ಹೇಳಿದಳು? ನೀನು ಅವಳನ್ನು ಇಷ್ಟು ಹತ್ತಿರದಿಂದ ಬಲ್ಲವಳಾಗಿ ಇದನ್ನೆಲ್ಲ ಬಿಟ್ಟು ಕಮಲದ ಹೂವಿನ ಹಿಂದೆ ಹೋದದ್ದಕ್ಕೆ ನನಗೆ ಸಿಟ್ಟು ಬಂದಿದೆ.

ಕಥೆಗಾರ್ತಿ ಕೊಡಗಿನ ಗೌರಮ್ಮನವರನ್ನು ನೆನೆದುಕೋ. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ಅವರು ತಮ್ಮ ಮನೆಗೂ ಬರಬೇಕೆಂದು ಈ ಹೆಣ್ಣುಮಗಳು ಉಪವಾಸ ಕೂತರು, ಗಾಂಧೀಜಿ ಬಂದಾಗ ಮೈಮೇಲಿನ ಒಡವೆಗಳನ್ನು ಹರಿಜನ ನಿಧಿಗೆ ಒಪ್ಪಿಸಿದರು. ಆಗ ಅವರಿಗೆ ಇನ್ನೂ ಇಪ್ಪತ್ತೆರಡರ ಆಸುಪಾಸು, 1939ರಲ್ಲಿ ನೀರಿನಲ್ಲಿ ಮುಳುಗಿ ತೀರಿಕೊಂಡರು. ಅವರನ್ನು ದೇಶಭಕ್ತೆ, ತ್ಯಾಗಮಯಿ ಎಂದವರ ಮಾತು ನನಗೆ ನೆನಪಿಲ್ಲ. ಉಪವಾಸ ಕೂತ ಹಟವೂ ಒಡವೆ ಬಿಚ್ಚಿಟ್ಟ ಕೈಯೂ ಮಾತ್ರ ಒಮ್ಮೆ ಕೇಳಿದ ಮೇಲೆ ಮರೆಯಲಾಗಿಲ್ಲ. ಆ ಹಟದಲ್ಲಿ ಮಗುವಿನ ಮೊಂಡುತನವೂ ಇತ್ತೆಂದು ನನಗೆ ತೋರುತ್ತದೆ, ಅದನ್ನು ಮುಚ್ಚಿಟ್ಟು ಬರೆದರೆ ಗೌರಮ್ಮ ಉಳಿಯುವುದಿಲ್ಲ.

ನಿನ್ನ ಗೆಳತಿಯಲ್ಲೂ ಅಂಥದ್ದೇನೋ ಇದ್ದೇ ಇರುತ್ತದೆ. ತತ್ವಕ್ಕೆ ಅಂಟಿಕೊಂಡವರ ಜೊತೆ ಬಾಳುವುದು ಸುಲಭವಲ್ಲ, ಅವರ ತತ್ವದ ಬೆಲೆಯನ್ನು ಮನೆಯವರೂ ಸ್ನೇಹಿತರೂ ತೆರುತ್ತಾರೆ. ನೀವಿಬ್ಬರೂ ಒಂದು ವರ್ಷ ಮಾತು ಬಿಟ್ಟಿದ್ದಿರೆಂದು ಚೀಟಿಯಲ್ಲಿ ಬರೆದ ನೀನು ಲೇಖನದಲ್ಲಿ ಅದರ ಸುಳಿವೇ ಕೊಟ್ಟಿಲ್ಲ. ಹುಟ್ಟುಹಬ್ಬದ ದಿನ ಜಗಳದ ಮಾತೇಕೆ ಎಂದುಕೊಂಡೆಯೋ ಏನೋ. ಆ ಜಗಳ ಯಾಕಾಯಿತು, ಅವಳು ಯಾವುದನ್ನು ಬಿಟ್ಟುಕೊಡಲಿಲ್ಲ, ನೀನು ಮತ್ತೆ ಅವಳ ಬಾಗಿಲಿಗೆ ಹೋದದ್ದು ಯಾಕೆ ಎಂಬುದನ್ನು ಬರೆದರೆ ನಿನ್ನ ಅಭಿಮಾನವನ್ನು ಓದುಗರು ನಂಬುತ್ತಾರೆ.

ಈ ವಿಷಯದಲ್ಲಿ ನನಗೊಂದು ಹಳೆಯ ಕೋಪವಿದೆ. ನಾನು ಬಹಳ ಗೌರವಿಸುತ್ತಿದ್ದ ಹಿರಿಯರೊಬ್ಬರ ಅಭಿನಂದನ ಗ್ರಂಥಕ್ಕೆ ಲೇಖನ ಕೇಳಿದ್ದರು. ನಮ್ಮಿಬ್ಬರ ನಡುವಿನ ಒಂದು ದೊಡ್ಡ ಜಗಳವನ್ನೂ, ಅದರಲ್ಲಿ ಅವರು ತೋರಿದ ನ್ಯಾಯಬುದ್ಧಿಯನ್ನೂ ಬರೆದು ಕೊಟ್ಟೆ. ಸಂಪಾದಕರು ನನ್ನನ್ನು ಕೇಳದೆ ಆ ಭಾಗವನ್ನೇ ಕಿತ್ತುಹಾಕಿ, ಉಳಿದ ಹೊಗಳಿಕೆಯನ್ನಷ್ಟೇ ಅಚ್ಚು ಹಾಕಿಸಿದರು. ಪುಸ್ತಕ ಕೈಗೆ ಬಂದ ಮೇಲೆ ಆ ಹಿರಿಯರು ಫೋನು ಮಾಡಿ, ‘ನಮ್ಮ ಜಗಳ ಎಲ್ಲಿ ಹೋಯಿತಯ್ಯಾ, ಅದನ್ನು ನೀನು ಬರೆಯುತ್ತೀ ಅಂತ ಕಾದಿದ್ದೆ’ ಎಂದರು. ಅವರೀಗ ಇಲ್ಲ. ಆ ಪುಸ್ತಕವನ್ನು ನಾನು ಇವತ್ತಿಗೂ ಸಮಾಧಾನದಿಂದ ತೆರೆಯಲಾರೆ.

ತನ್ನವರ ಹೊಗಳಿಕೆಯನ್ನು ಹೊನ್ನಶೂಲವೆಂದು ಕರೆದು ನೊಂದುಕೊಂಡವರು ಬಸವಣ್ಣ. ನಿನ್ನ ಗೆಳತಿಯೂ ಹೊಗಳಿಕೆಗೆ ಹಾಗೆ ಹಿಂಜರಿಯುವವಳೆಂದು ನಿನ್ನ ಮೂರನೆಯ ಪುಟ ಹೇಳುತ್ತಿದೆ. ಸನ್ಮಾನದ ಶಾಲನ್ನು ವೇದಿಕೆಯ ಮೇಲೆಯೇ ಮಡಚಿ, ನೀರು ಬಿಡುವ ವಾಟರ್‌ಮನ್‌ನ ಹೆಗಲಿಗೆ ಹಾಕಿದಳೆಂದು ಬರೆದಿದ್ದೀಯಲ್ಲ, ಅಷ್ಟು ಒಳ್ಳೆಯ ವಾಕ್ಯ ಬರೆದವಳು ಬರವಣಿಗೆ ಒಲಿದಿಲ್ಲ ಎನ್ನಬಾರದು. ಆ ಶಾಲಿನ ಬಣ್ಣ ಯಾವುದು, ಅವನು ಏನೆಂದ, ಸಭೆಯಲ್ಲಿದ್ದವರು ಚಪ್ಪಾಳೆ ತಟ್ಟಿದರೋ ಮುಖ ಮುಖ ನೋಡಿಕೊಂಡರೋ, ಎಲ್ಲವನ್ನೂ ಬರೆ.

ಹುಟ್ಟುಹಬ್ಬಕ್ಕೆ ಇನ್ನೂ ಮೂರು ವಾರವಿದೆ ಎಂದಿದ್ದೀಯೆ. ಅಷ್ಟರೊಳಗೆ ಅವಳು ಕೆಲಸ ಮಾಡಿದ ಆ ಊರಿಗೆ ಒಮ್ಮೆ ಹೋಗಿ, ಅವಳ ಮೇಲೆ ಮುನಿಸಿಕೊಂಡವರಲ್ಲಿ ಒಬ್ಬರನ್ನಾದರೂ ಮಾತಾಡಿಸಿ ಬಾ. ಮೊದಲೆರಡು ಪುಟ ತೆಗೆದುಹಾಕಿ ಮತ್ತೆ ಬರೆದು ನನಗೆ ಕಳುಹಿಸು, ಬಂದ ದಿನವೇ ಓದುತ್ತೇನೆ. ಅವಳಿಗೆ ನನ್ನ ಶುಭಾಶಯ ತಿಳಿಸು.

ಆಶೀರ್ವಾದಗಳೊಂದಿಗೆ,
ನಿನ್ನ ಅಣ್ಣ