ಸ್ಕ್ಯಾನರ್ ಕೈಗೆ ಬಂದ ಮೇಲೆ

ಬದಿಯಡ್ಕ

ಪ್ರೀತಿಯ ಪುಟ್ಟಾ,

ನಿನ್ನ ಅಣ್ಣ ಅಮೆರಿಕದಿಂದ ಬರುವಾಗ ನಿನಗೆ ಯೂನಿಡೆನ್ ಬಿಸಿ125ಎಟಿ ಸ್ಕ್ಯಾನರ್, ಅಂದರೆ ಗಾಳಿಯಲ್ಲಿ ಹೋಗುವ ರೇಡಿಯೋ ಮಾತನ್ನು ಹುಡುಕಿ ಕೇಳಿಸುವ ಯಂತ್ರ, ತಂದುಕೊಟ್ಟ ವಿಷಯ ಅಮ್ಮ ಹೇಳಿದಳು. ನೀನು ಮೆಸೇಜಿನಲ್ಲಿ ಕೇಳಿದ್ದು ಎರಡೇ ಪ್ರಶ್ನೆ. ಇದರಲ್ಲಿ ಪೊಲೀಸರ ಮಾತು ಕೇಳುತ್ತದಾ? ಯಾವೆಲ್ಲ ಫ್ರೀಕ್ವೆನ್ಸಿ ಹಾಕಬೇಕು? ಫೋನಿನಲ್ಲಿ ನಾಲ್ಕು ಸಾಲು ಬರೆದು ಮುಗಿಸುವ ವಿಷಯ ಅಲ್ಲ ಇದು. ಅದಕ್ಕೇ ಪತ್ರ ಬರೆಯುತ್ತಿದ್ದೇನೆ.

ಪೊಲೀಸರದ್ದು ಬೇಡ. ಸುಮ್ನೆ ಒಮ್ಮೆ ಕೇಳಿ ನೋಡುತ್ತೇನೆ ಅನ್ನುವುದೂ ಬೇಡ. ಅಮೆರಿಕದಲ್ಲಿ ಇಂಥ ಯಂತ್ರವನ್ನು ಯಾರು ಬೇಕಾದರೂ ಅಂಗಡಿಯಿಂದ ಕೊಂಡು ತರಬಹುದು. ನಮ್ಮಲ್ಲಿ ಹಾಗಲ್ಲ. ಪರವಾನಗಿ ಇಲ್ಲದೆ ವೈರ್‌ಲೆಸ್ ಯಂತ್ರ ಇಟ್ಟುಕೊಳ್ಳಬಾರದು ಅಂತ 1933ರಲ್ಲೇ ಕಾಯ್ದೆ ಬಂದಿದೆ. 2023ರಲ್ಲಿ ಹೊಸ ದೂರಸಂಪರ್ಕ ಕಾಯ್ದೆ ಆಯಿತು. ಅದರಲ್ಲೂ ಬೇರೆಯವರ ಸಂದೇಶವನ್ನು ಅನುಮತಿ ಇಲ್ಲದೆ ಕದ್ದು ಕೇಳುವುದು ಅಪರಾಧವೇ. ನಿನ್ನ ಯಂತ್ರ 108ರಿಂದ 174 ಮೆಗಾಹರ್ಟ್ಸ್, 400ರಿಂದ 512, ಇನ್ನೂ ಏನೇನೋ ಹಿಡಿಯುತ್ತದೆ. ವಿಮಾನ, ಹಡಗು, ಪೊಲೀಸ್ ಎಲ್ಲ ಅದರೊಳಗೆ ಬರುತ್ತದೆ. ಯಂತ್ರಕ್ಕೆ ಕೇಳುತ್ತದೆ ಅಂತ ನಮಗೆ ಕೇಳುವ ಹಕ್ಕು ಬರುವುದಿಲ್ಲ.

ಹಾಗಂತ ಅದನ್ನು ಪೆಟ್ಟಿಗೆಯಲ್ಲಿ ಹೂಳಬೇಕಾಗಿಲ್ಲ. ದಾರಿ ಇದೆ. ಹ್ಯಾಮ್ ರೇಡಿಯೋ, ಅಂದರೆ ಹವ್ಯಾಸಕ್ಕಾಗಿ ರೇಡಿಯೋದಲ್ಲಿ ಮಾತಾಡುವವರ ಪರೀಕ್ಷೆ ಬರೆದು ಲೈಸೆನ್ಸ್ ತೆಗೆದುಕೊ. ಹನ್ನೆರಡು ವರ್ಷ ತುಂಬಿದವರು ಬರೆಯಬಹುದು, ನಿನಗಂತೂ ಹತ್ತೊಂಬತ್ತು. ಕೆಳಗಿನ ದರ್ಜೆಯಾದ ರಿಸ್ಟ್ರಿಕ್ಟೆಡ್ ಗ್ರೇಡಿಗೆ ಮೋರ್ಸ್, ಅಂದರೆ ಚುಕ್ಕೆ ಗೆರೆಯ ಸಂಕೇತ, ಬೇಡ. ಸ್ವಲ್ಪ ರೇಡಿಯೋ ವಿಜ್ಞಾನ, ಸ್ವಲ್ಪ ನಿಯಮ ಓದಿದರೆ ಸಾಕು. ಜನರಲ್ ಗ್ರೇಡಿಗೆ ನಿಮಿಷಕ್ಕೆ ಎಂಟು ಪದದ ಮೋರ್ಸ್ ಬೇಕು, ಅದನ್ನು ನಾನೇ ಕಲಿಸುತ್ತೇನೆ. ಲೈಸೆನ್ಸ್ ಬರುವ ತನಕ ಯಂತ್ರ ನನ್ನ ಕಪಾಟಿನಲ್ಲಿ ಇರಲಿ. ನನ್ನ ಹತ್ತಿರ ಹ್ಯಾಮ್ ಲೈಸೆನ್ಸ್ ಇದೆ. ಭಾನುವಾರ ಪೆರ್ಲದಿಂದ ಬಸ್ಸು ಹತ್ತಿ ಬಾ, ಒಟ್ಟಿಗೆ ಕೂತು ಹ್ಯಾಮ್ ಬ್ಯಾಂಡ್ ಕೇಳೋಣ.

ನಾನು ಇಷ್ಟು ಬಿಗಿ ಯಾಕೆ ಅಂತ ನಿನಗೆ ಅನಿಸಬಹುದು. ಹಡಗಿನಲ್ಲಿ ರೇಡಿಯೋ ಆಫೀಸರ್ ಆಗಿದ್ದವನಿಗೆ ಇದು ಬರೀ ಕಾನೂನಿನ ವಿಷಯ ಅಲ್ಲ. ಆಗ ಮನೆಯಿಂದ ಬರುವ ತಂತಿ ಸುದ್ದಿ ಎಲ್ಲ ಮೋರ್ಸಿನಲ್ಲಿ ನಮ್ಮ ಕಿವಿಯ ಮೂಲಕವೇ ಬರಬೇಕಿತ್ತು. ಎಂಜಿನ್ ರೂಮಿನ ಹುಡುಗನ ತಂದೆ ತೀರಿಕೊಂಡ ಸುದ್ದಿ ಅವನಿಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು. ಚುಕ್ಕೆ ಗೆರೆ ಅಕ್ಷರವಾಗಿ, ಅಕ್ಷರ ಶಬ್ದವಾಗಿ ಪೆನ್ಸಿಲಿನ ತುದಿಯಲ್ಲಿ ಇಳಿಯುವಾಗಲೇ ಎದೆ ಹಿಂಡುತ್ತಿತ್ತು. ಕಾಗದ ಮಡಚಿ ಕ್ಯಾಪ್ಟನ್ ಕೈಗೆ ಕೊಡಬೇಕು. ಊಟದ ಮೇಜಿನಲ್ಲಿ ಅದೇ ಹುಡುಗ ಎದುರು ಕೂತು ನಗುತ್ತಿದ್ದರೂ ಬಾಯಿ ಬಿಡುವ ಹಾಗಿಲ್ಲ. ಹಾಗೆ ನಡೆದುಕೊಳ್ಳುತ್ತೇವೆ ಅಂತ ಮೊದಲೇ ಸಹಿ ಹಾಕಿಕೊಟ್ಟಿದ್ದೆವು. ಗಾಳಿಯಲ್ಲಿ ಹೋಗುವ ಮಾತು ಎಲ್ಲರಿಗೂ ಕೇಳಬಹುದು, ಆದರೆ ಅದು ಯಾರಿಗೆ ಹೇಳಿದ್ದೋ ಅವರದ್ದೇ. ಈ ಒಂದು ವಿಷಯ ನಿನ್ನ ತಲೆಯಲ್ಲಿ ಕೂತರೆ ಉಳಿದದ್ದೆಲ್ಲ ಮ್ಯಾನುವಲ್ ನೋಡಿಕೊಂಡು ಕಲಿಯಬಹುದು. ಅಕಸ್ಮಾತ್ ಯಾರದ್ದೋ ಮಾತು ಸಿಕ್ಕಿತು ಅಂತಿಟ್ಟುಕೊ. ಆ ಚಾನೆಲ್ಲನ್ನು ಬಿಟ್ಟುಬಿಡುವ ಲಾಕೌಟ್ ಬಟನ್ ಒತ್ತಿ ಮುಂದೆ ಹೋಗು. ರೆಕಾರ್ಡ್ ಮಾಡಿ ವಾಟ್ಸಾಪ್ ಗ್ರೂಪಿಗೆ ಹಾಕುವ ಹುಡುಗರನ್ನು ಕಂಡರೆ ನನಗೆ ನಿಜಕ್ಕೂ ಬೇಜಾರು.

ಕಿವಿಯ ಶಿಸ್ತು ಅಂದರೆ ಏನು ಅಂತ ಇನ್ನೊಂದು ವಿಷಯ ಹೇಳುತ್ತೇನೆ. ಆಗಿನ ರೇಡಿಯೋ ಕೋಣೆಯ ಗಡಿಯಾರದಲ್ಲಿ 15ರಿಂದ 18 ಮತ್ತು 45ರಿಂದ 48ನೇ ನಿಮಿಷದ ತನಕ ಕೆಂಪು ಬಣ್ಣ ಹಚ್ಚಿರುತ್ತಿತ್ತು. ಆ ಮೂರು ನಿಮಿಷ 500 ಕಿಲೋಹರ್ಟ್ಸ್‌ನಲ್ಲಿ ಯಾರೂ ಮಾತಾಡಬಾರದು, ಎಲ್ಲರೂ ಕಿವಿಗೊಟ್ಟು ಕೂರಬೇಕು. ಎಲ್ಲೋ ಮುಳುಗುತ್ತಿರುವ ಹಡಗಿನ ಸಣ್ಣ ಸದ್ದು ಕೇಳಿದರೆ ಕೇಳಲಿ ಅಂತ. 1999ರ ಫೆಬ್ರವರಿಯಿಂದ ಹಡಗುಗಳು ಪೂರ್ತಿಯಾಗಿ ಮೋರ್ಸ್ ಬೇಡದ ಹೊಸ ವ್ಯವಸ್ಥೆಗೆ ಬಂದವು, ನಮ್ಮ ಮೋರ್ಸಿನ ಕೆಲಸವೂ ಹೋಯಿತು. ಹೀಗೆ ಕೂತು ಕೇಳುವ ಅಭ್ಯಾಸ ಮಾತ್ರ ನನ್ನನ್ನು ಬಿಟ್ಟಿಲ್ಲ. ನಿನಗೂ ಅದು ಬರಲಿ ಅಂತ ಆಸೆ.

ಈಗ ಫ್ರೀಕ್ವೆನ್ಸಿ. ನಿನ್ನ ಯಂತ್ರದಲ್ಲಿ 500 ಚಾನೆಲ್ ಇವೆ, ಐವತ್ತು ಚಾನೆಲ್ಲಿನ ಹತ್ತು ಗುಂಪು, ಅದಕ್ಕೆ ಬ್ಯಾಂಕು ಅನ್ನುತ್ತಾರೆ. ಎಲ್ಲವನ್ನೂ ತುಂಬಿಸುವ ಚಪಲ ಬರುತ್ತದೆ. ತುಂಬಿಸಬೇಡ. ಎರಡು ಬ್ಯಾಂಕು ಬಿಟ್ಟು ಉಳಿದದ್ದೆಲ್ಲ ಆಫ್ ಮಾಡಿಡು. ಜಾಸ್ತಿ ಚಾನೆಲ್ ಇದ್ದಷ್ಟೂ ಯಂತ್ರ ಸುತ್ತು ಹಾಕಿ ಬರಲು ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಬೇಕಾದ ಮಾತು ಮುಗಿದಿರುತ್ತದೆ.

ಒಂದು ಬ್ಯಾಂಕು ಹ್ಯಾಮ್‌ಗಳದ್ದು. ನಮ್ಮಲ್ಲಿ ಎರಡು ಮೀಟರ್ ಬ್ಯಾಂಡ್ ಅಂದರೆ 144ರಿಂದ 146 ಮೆಗಾಹರ್ಟ್ಸ್. ಅಷ್ಟು ಜಾಗಕ್ಕೆ ಮಾತ್ರ ಸರ್ಚ್ ಕೊಟ್ಟು ಸಂಜೆ ಹೊತ್ತು ಬಿಡು. ಎಲ್ಲಿ ನಿಲ್ಲುತ್ತದೋ ಅದನ್ನು ಬರೆದಿಟ್ಟುಕೊಂಡು ಆಮೇಲೆ ಮೆಮೊರಿಗೆ ಹಾಕು. ರಿಪೀಟರ್, ಅಂದರೆ ಬಂದ ಮಾತನ್ನು ಹಿಡಿದು ಮತ್ತೆ ದೂರಕ್ಕೆ ಕಳಿಸುವ ಯಂತ್ರ, ಸಿಕ್ಕಿದರೆ ಅದರ ಔಟ್‌ಪುಟ್‌ಗಿಂತ 600 ಕಿಲೋಹರ್ಟ್ಸ್ ಕೆಳಗಿನದನ್ನೂ ಪಕ್ಕದಲ್ಲೇ ಹಾಕಿಡು. ರಿಪೀಟರಿಗೆ ಮಾತಾಡುವವರು ಸಾಮಾನ್ಯವಾಗಿ ಅಲ್ಲಿಂದ ಕಳಿಸುತ್ತಾರೆ. ಅಲ್ಲೂ ನೇರವಾಗಿ ಕೇಳಿಸಿದರೆ ಮಾತಾಡುವವರು ನಿನ್ನ ಹತ್ತಿರದಲ್ಲೇ ಇದ್ದಾರೆ ಅಂತ ಲೆಕ್ಕ. ಹ್ಯಾಮ್‌ಗಳು ಹರಟೆ ಹೊಡೆಯುತ್ತಾರೆ ಅಂತ ಸದರ ಮಾಡಬೇಡ. 2018ರ ಪ್ರಳಯದಲ್ಲಿ ಕೇರಳದ ತೆಂಕಣ ಜಿಲ್ಲೆಗಳಲ್ಲಿ ಫೋನು ಸತ್ತಾಗ ಸುದ್ದಿ ದಾಟಿಸಿದವರಲ್ಲಿ ಇವರೂ ಇದ್ದರು.

ಇನ್ನೊಂದು ಬ್ಯಾಂಕು ಬಾಹ್ಯಾಕಾಶ ನಿಲ್ದಾಣಕ್ಕೆ. ಇದು ನನಗೆ ತುಂಬ ಇಷ್ಟದ್ದು. ನಿಲ್ದಾಣದ ಹ್ಯಾಮ್ ರೇಡಿಯೋ 145.800ರಲ್ಲಿ ಮಾತಾಡುತ್ತದೆ. ಕೆಲವೊಮ್ಮೆ ಅದರಲ್ಲೇ ಚಿತ್ರವನ್ನೂ ಕಳಿಸುತ್ತಾರೆ. 2025ರ ಜುಲೈಯಲ್ಲಿ ನಮ್ಮ ಗಗನಯಾತ್ರಿ ಶುಭಾಂಶು ಶುಕ್ಲಾ ಅಲ್ಲಿಂದ ಹ್ಯಾಮ್ ರೇಡಿಯೋದಲ್ಲಿ ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದ ಜೊತೆ ಮಾತಾಡಿದರು. ರಾವ್ ನಮ್ಮ ಉಡುಪಿ ಕಡೆಯವರು, ಗೊತ್ತಲ್ವಾ? ಇಂಥ ಮಾತುಕತೆಯಲ್ಲಿ ನಮಗೆ ಮೇಲಿನವರ ದನಿ ಮಾತ್ರ ಸಿಗುತ್ತದೆ. ಬೆಂಗಳೂರಿನಿಂದ ಮೇಲೆ ಹೋಗುವುದು ಬೇರೆ ಫ್ರೀಕ್ವೆನ್ಸಿಯಲ್ಲಿ, ಅದೂ ಘಟ್ಟದ ಆಚೆಯಿಂದ.

ಇಲ್ಲಿ ಒಂದು ಉಪಾಯ ಇದೆ. ನಿಲ್ದಾಣ ಗಂಟೆಗೆ 28,000 ಕಿ.ಮೀ. ವೇಗದಲ್ಲಿ ಓಡುತ್ತಿರುವುದರಿಂದ ಹತ್ತಿರ ಬರುವಾಗ ಫ್ರೀಕ್ವೆನ್ಸಿ ಸುಮಾರು ಮೂರೂವರೆ ಕಿಲೋಹರ್ಟ್ಸ್ ಏರಿರುತ್ತದೆ, ದೂರ ಹೋಗುವಾಗ ಅಷ್ಟೇ ಇಳಿದಿರುತ್ತದೆ. ಅದಕ್ಕೆ 145.805, 145.800, 145.795 ಅಂತ ಮೂರು ಚಾನೆಲ್ ಸಾಲಾಗಿ ಹಾಕು. ಪಡುವಣದಲ್ಲಿ ಮೇಲೇಳುವಾಗ ಮೊದಲನೆಯದು, ನೆತ್ತಿಯ ಹತ್ತಿರ ಬಂದಾಗ ಎರಡನೆಯದು, ಇಳಿಯುವಾಗ ಮೂರನೆಯದು. ಸ್ಕ್ಯಾನ್ ಬೇಡ, ಹೋಲ್ಡ್‌ನಲ್ಲಿಟ್ಟು ಕೈಯಿಂದಲೇ ಬದಲಿಸು. ಬರಿ ಸದ್ದನ್ನು ತಡೆಯುವ ಸ್ಕ್ವೆಲ್ಚ್ ಪೂರ್ತಿ ತೆರೆದಿಡು, ಸುಯ್ ಅನ್ನುವ ಸದ್ದು ಸಹಿಸಿಕೊ. ದನಿ ಆ ಸದ್ದಿನ ಒಳಗಿಂದಲೇ ಎದ್ದು ಬರುತ್ತದೆ. ಹೆಚ್ಚೆಂದರೆ ಹತ್ತು ನಿಮಿಷ, ಅಷ್ಟೇ.

ಮನೆಯ ಚಾವಡಿಯಲ್ಲಿ ಕೂತು ಏನೂ ಕೇಳುವುದಿಲ್ಲ ಅಂತ ದೂರಬೇಡ. ನಮ್ಮ ಮನೆಗಳೆಲ್ಲ ಗುಡ್ಡೆಯ ಬುಡದಲ್ಲಿ, ತೋಟದ ಅಂಚಿನಲ್ಲಿ. ಈ ಅಲೆಗಳು ಹೆಚ್ಚುಕಡಿಮೆ ನೋಟದ ಹಾಗೆ ನೇರ ಹೋಗುತ್ತವೆ, ಗುಡ್ಡೆ ಸುತ್ತಿಕೊಂಡು ಬರುವುದಿಲ್ಲ. ನೀನು ನಿಂತ ಎತ್ತರದ ಮೀಟರಿಗೆ ವರ್ಗಮೂಲ ತೆಗೆದು ನಾಲ್ಕರಿಂದ ಗುಣಿಸಿದರೆ ರೇಡಿಯೋ ಎಷ್ಟು ಕಿಲೋಮೀಟರ್ ನೋಡುತ್ತದೆ ಅಂತ ಅಂದಾಜು ಸಿಗುತ್ತದೆ. ಪೊಸಡಿ ಗುಂಪೆ ಗುಡ್ಡೆಯ ತುದಿ ಸಾವಿರ ಅಡಿಗಿಂತ ಸ್ವಲ್ಪ ಮೇಲೆ, ಅಂದರೆ ಎಪ್ಪತ್ತು ಕಿಲೋಮೀಟರ್ ಆಯಿತು. ಲೈಸೆನ್ಸ್ ಬಂದ ಮೇಲೆ ಅಲ್ಲಿಗೆ ಹೋಗು, ಅದರ ಪ್ರತಿ ಕಿಸೆಯಲ್ಲಿರಲಿ. ಏರಿಯಲ್ ಹಿಡಿದು ಗುಡ್ಡೆಯ ಮೇಲೆ ನಿಂತವರನ್ನು ಕಂಡರೆ ಜನ ಕೇಳಿಯೇ ಕೇಳುತ್ತಾರೆ, ಕೇಳಬೇಕು ಕೂಡ. ನಿಲ್ದಾಣಕ್ಕಾದರೆ ಅಷ್ಟು ದೂರ ಬೇಡ. ಅದು 400 ಕಿ.ಮೀ. ಮೇಲಿದೆ, ಆಕಾಶ ಕಾಣುವ ಅಂಗಳ ಸಾಕು.

ಯಂತ್ರದ ಜೊತೆ ಬರುವ ರಬ್ಬರ್ ಏರಿಯಲ್ ಎಲ್ಲದಕ್ಕೂ ಅಷ್ಟಕ್ಕಷ್ಟೆ. ಎಳೆದು ಉದ್ದ ಮಾಡುವ ಏರಿಯಲ್ ಒಂದು ತಗೋ. 75ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಕಾಲು ಅಲೆಯ ಉದ್ದ ಮೀಟರಿನಲ್ಲಿ ಸಿಗುತ್ತದೆ. 145.8ಕ್ಕೆ 51 ಸೆಂ.ಮೀ. ಆಯಿತು, ಲೋಹದ ಸರಳಿಗೆ ಸ್ವಲ್ಪ ಕಡಿಮೆ ಮಾಡಿ 49ಕ್ಕೆ ನಿಲ್ಲಿಸು. ಅಷ್ಟೇ ಉದ್ದದ ತಂತಿಯನ್ನು ಏರಿಯಲ್ ಕೂರುವ ಬಿಎನ್‌ಸಿ ಕನೆಕ್ಟರಿನ ಹೊರಬಳೆಗೆ ಸುತ್ತಿ ಕೆಳಗೆ ಜೋತುಬಿಡು. ವ್ಯತ್ಯಾಸ ನೀನೇ ನೋಡು. ಸರಳಿನ ತುದಿಯನ್ನು ನಿಲ್ದಾಣದ ಕಡೆಗೇ ಗುರಿ ಹಿಡಿಯಬೇಡ, ತುದಿಯ ದಿಕ್ಕಿನಲ್ಲಿ ಅದು ಏನೂ ಹಿಡಿಯುವುದಿಲ್ಲ. ಅಡ್ಡ ಹಿಡಿ. ಯಂತ್ರವನ್ನು ಏರಿಯಲ್ ಹಿಡಿದು ಎತ್ತುವ ಚಾಳಿ ಮಾತ್ರ ಬೇಡವೇ ಬೇಡ. ಕನೆಕ್ಟರ್ ಸಡಿಲವಾಗಿ ಒಳಗಿನ ಬೆಸುಗೆ ಬಿಡುತ್ತದೆ.

ಇನ್ನು ಸೆಲ್ಲು. ಹಿಂದಿನ ಮುಚ್ಚಳ ತೆಗೆದರೆ ಎರಡು ಎಎ ಸೆಲ್ ಕೂರುವ ಜಾಗದಲ್ಲಿ ಸಣ್ಣ ಸ್ವಿಚ್ ಕಾಣುತ್ತದೆ. ಒಂದು ಕಡೆ ಆಲ್ಕಲೈನ್, ಇನ್ನೊಂದು ಕಡೆ ನಿಕ್ಕಲ್ ಮೆಟಲ್ ಹೈಡ್ರೈಡ್. ಬೆರಳ ಉಗುರಿನಲ್ಲಿ ಸರಿಸುವಷ್ಟು ಸಣ್ಣದು. ಸೆಲ್ ಬದಲಿಸಿದಾಗೆಲ್ಲ ಮೊದಲು ಅದನ್ನು ನೋಡು. ಅದು ರೀಚಾರ್ಜ್ ಕಡೆಗಿದ್ದು ಒಳಗೆ ಆಲ್ಕಲೈನ್ ಇದ್ದರೆ, ಯುಎಸ್‌ಬಿ ಕೇಬಲ್ ಸಿಕ್ಕಿಸಿದ ಕೂಡಲೇ ಚಾರ್ಜ್ ಆಗಬಾರದ ಸೆಲ್ಲಿಗೆ ಕರೆಂಟು ನುಗ್ಗುತ್ತದೆ. ಆಮೇಲೆ ಸೋರುತ್ತದೆ, ಒಡೆಯಲೂಬಹುದು. ಸೋರಿ ಬಿಳಿ ಹುಡಿ ಕೂತಿದ್ದರೆ ಕಿವಿಕಡ್ಡಿಗೆ ಒಂದು ತೊಟ್ಟು ವಿನೆಗರ್ ಹಚ್ಚಿ ಒರೆಸು, ಲಿಂಬೆ ರಸವೂ ಆಗುತ್ತದೆ. ಸೋರಿದ್ದು ಕ್ಷಾರ, ಹುಳಿ ಅದನ್ನು ಮುರಿಯುತ್ತದೆ. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ, ಪೂರ್ತಿ ಆರಿದ ಮೇಲೆ ಸೆಲ್ ಹಾಕು. ಬಳಸದೆ ಇಡುವಾಗ ಸೆಲ್ ತೆಗೆದೇ ಇಡಬೇಕು.

ನಮ್ಮ ಮಳೆಗಾಲ ನಿನಗೆ ಗೊತ್ತು. ಆಟಿ ತಿಂಗಳಲ್ಲಿ ಕಪಾಟಿನೊಳಗಿನ ಬೆಲ್ಟಿಗೂ ಬೂಸ್ಟು ಹಿಡಿಯುತ್ತದೆ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆ ಅಂತ ಅಜ್ಜಿ ಅಲ್ಲಿ ಇಡಲು ಹೇಳಬಹುದು. ಇಡಬೇಡ, ಹೊಗೆಯ ಮಸಿ ಬಟನ್ ಸಂದಿಗೆ ಹೋದರೆ ತೆಗೆಯುವುದು ಕಷ್ಟ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡು. ಬಣ್ಣ ಬದಲಾಗುವ ಜೆಲ್ ಆದರೆ ಒಳ್ಳೆಯದು, ಯಾವಾಗ ಬದಲಿಸಬೇಕು ಅಂತ ಗೊತ್ತಾಗುತ್ತದೆ. ಕಡಲ ಕರೆಗೆ ಹೋಗಿ ಬಂದ ದಿನ ಸ್ವಲ್ಪ ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಒಣ ಬಟ್ಟೆಯಲ್ಲಿ ಒರೆಸು. ಉಪ್ಪುಗಾಳಿ ಕನೆಕ್ಟರನ್ನು ತಿನ್ನುತ್ತದೆ.

ಅಡಿಕೆ ಮರಕ್ಕೆ ತಂತಿ ಕಟ್ಟಿ ಹೊರಗಿನ ಏರಿಯಲ್ ಹಾಕುವ ಯೋಚನೆ ನಿನಗೆ ಬಂದೇ ಬರುತ್ತದೆ. ಹಾಕು, ಅಡ್ಡಿ ಇಲ್ಲ. ಆದರೆ ಎಪ್ರಿಲ್-ಮೇ ತಿಂಗಳ ಸಂಜೆ ಗುಡುಗಿಗೆ, ಅಕ್ಟೋಬರ್-ನವೆಂಬರಿನ ತುಲಾ ಮಳೆಗೆ ಇಲ್ಲಿ ಎಷ್ಟು ಮರ ಸಿಡಿಲಿಗೆ ಸುಟ್ಟಿವೆ ಅಂತ ನೋಡಿದ್ದೀಯಲ್ಲ. ಕೇಳಿ ಮುಗಿದ ಕೂಡಲೇ ಕೇಬಲ್ ಕಳಚಿ ಮನೆಯ ಹೊರಗೇ ಬಿಡು. ದೂರದಲ್ಲಿ ಗುಡುಗು ಶುರುವಾಗಿದ್ದರೆ ಕಳಚಲೂ ಹೋಗಬೇಡ, ಹತ್ತಿರವೇ ಸುಳಿಯಬೇಡ. ಯಂತ್ರ ಹೋದರೆ ಹೋಗಲಿ.

ಕಾಸರಗೋಡಿಗೆ ಹೋದಾಗ ಐವತ್ತು ಓಮ್‌ನ ಕೋಕ್ಸ್ ಕೇಬಲ್ ಹತ್ತು ಮೀಟರ್, ಬಿಎನ್‌ಸಿ ಕನೆಕ್ಟರ್ ಎರಡು ತರುತ್ತೇನೆ. ಟಿವಿಯ ಕೇಬಲ್ ತಂದು ದುಡ್ಡು ಹಾಳು ಮಾಡಬೇಡ. ಬರುವ ಭಾನುವಾರ ಬೆಸುಗೆ ಹಾಕುವುದನ್ನು ತೋರಿಸಿಕೊಡುತ್ತೇನೆ. ಪರೀಕ್ಷೆಯ ಅರ್ಜಿ ಭರ್ತಿ ಮಾಡಲು ಫೋಟೋ ಮತ್ತು ಹುಟ್ಟಿದ ದಿನದ ದಾಖಲೆ ತೆಗೆದುಕೊಂಡು ಬಾ.

ನಿನ್ನ ಸೋದರಮಾವ