‘ಅಲ್ಟಿಮೇಟ್ ಎಡಿಷನ್’ ಹೆಸರಿನಲ್ಲಿ ಥಿಯೇಟರ್ ಪ್ರತಿಯನ್ನೇ ಮಾರುತ್ತಿರುವ ಬಗ್ಗೆ ದೂರು

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ‘ಬ್ಯಾಟ್‌ಮನ್ ವರ್ಸಸ್ ಸೂಪರ್‌ಮನ್: ಡಾನ್ ಆಫ್ ಜಸ್ಟಿಸ್’ ಚಿತ್ರದ ವಿಸ್ತೃತ ಆವೃತ್ತಿ ಕೊಂಡರೂ ಅದು ಸಿಗದಿರುವುದು

ಮಾನ್ಯರೇ,

ನಿಮ್ಮ ಆಪ್‌ನಲ್ಲಿ ಈ ಚಿತ್ರದ ‘ಅಲ್ಟಿಮೇಟ್ ಎಡಿಷನ್’ ಕೊಂಡಿದ್ದೇನೆ. ಬಾಡಿಗೆಗೆ ತೆಗೆದುಕೊಂಡಿದ್ದಲ್ಲ, ಪೂರ್ತಿ ದುಡ್ಡು ಕೊಟ್ಟು ಕೊಂಡಿದ್ದು. ಪೋಸ್ಟರ್ ಮೇಲೆ ಅದೇ ಹೆಸರಿದೆ. ಕೆಳಗಿನ ವಿವರದಲ್ಲಿ ‘ನಿರ್ದೇಶಕರ ವಿಸ್ತೃತ ಆವೃತ್ತಿ’ ಎಂದು ಬರೆದಿದ್ದೀರಿ. ರಸೀದಿಯಲ್ಲೂ ಹಾಗೇ ಇದೆ. ಆದರೆ ಪ್ಲೇ ಒತ್ತಿದರೆ ಓಡುವುದು 2016ರ ಮಾರ್ಚ್‌ನಲ್ಲಿ ಥಿಯೇಟರ್‌ಗಳಿಗೆ ಬಂದ ಪ್ರತಿ. ಅದು 151 ನಿಮಿಷದ್ದು. ಅಲ್ಟಿಮೇಟ್ ಎಡಿಷನ್ 182 ನಿಮಿಷ ಇದೆ. ನಾನು ದುಡ್ಡು ಕೊಟ್ಟಿದ್ದೇ ಆ ಹೆಚ್ಚಿನ ಅರ್ಧ ಗಂಟೆಗಾಗಿ. ಅದೇ ಇಲ್ಲ.

ಇದನ್ನು ನಿಮ್ಮ ಚಾಟ್‌ನಲ್ಲಿ ಹೇಳಿದೆ. ಸಿನಿಮಾ ಅದೇ, ಒಂದಷ್ಟು ಹೊಡೆದಾಟದ ಸೀನ್ ಜಾಸ್ತಿ ಇರುತ್ತೆ ಅಷ್ಟೇ, ಕಥೆಯಲ್ಲಿ ಏನೂ ವ್ಯತ್ಯಾಸ ಇಲ್ಲ ಎಂಬ ಉತ್ತರ ಬಂತು. ಮುಂದಿನ ಖರೀದಿಗೆ ಒಂದು ಕೂಪನ್ ಕೊಡುತ್ತೇವೆ ಎಂದರು. ನಾನು ಬೇಡ ಎನ್ನುವಷ್ಟರಲ್ಲಿ ದೂರು ‘ಬಗೆಹರಿದಿದೆ’ ಎಂದು ಮುಚ್ಚಿಬಿಟ್ಟರು. ಫೈಲ್ ಅದಲುಬದಲಾಗುವುದು ಯಾವ ಕಂಪನಿಯಲ್ಲೂ ಆಗಬಹುದು. ಅದಕ್ಕೆ ನಾನು ಇಷ್ಟುದ್ದ ಪತ್ರ ಬರೆಯುತ್ತಿರಲಿಲ್ಲ. ಕಥೆಯಲ್ಲಿ ವ್ಯತ್ಯಾಸ ಇಲ್ಲ ಅಂದರಲ್ಲ, ಅದನ್ನು ಒಪ್ಪಲು ಸಾಧ್ಯವಿಲ್ಲ. ಸಿನಿಮಾ ಮಾರುವ ಕಂಪನಿಯ ಬಾಯಲ್ಲಿ ಬರಬಾರದ ಮಾತು ಅದು.

ಮೊದಲು ಫೈಲ್ ವಿಚಾರ ಹೇಳುತ್ತೇನೆ. ನಿಮ್ಮವರೇ ಪರೀಕ್ಷೆ ಮಾಡಿ ನೋಡಬಹುದು. ಸಬ್‌ಟೈಟಲ್ ಆನ್ ಮಾಡಿ ಸಿನಿಮಾ ಶುರು ಮಾಡಿ. ಬ್ರೂಸ್ ವೇನ್ (ಇವನೇ ಬ್ಯಾಟ್‌ಮನ್) ಮೆಟ್ರೊಪೊಲಿಸ್ ನಗರದ ಬೀದಿಯಲ್ಲಿ ಧೂಳಿನ ನಡುವೆ ಓಡುವ ತನಕ ಮಾತಿಗೂ ಅಕ್ಷರಕ್ಕೂ ತಾಳೆ ಇದೆ. ಪತ್ರಕರ್ತೆ ಲೋಯಿಸ್ ಲೇನ್ ಆಫ್ರಿಕಾದ ಮರುಭೂಮಿಗೆ ಹೋದ ಕೂಡಲೇ ತಾಳ ತಪ್ಪುತ್ತದೆ. ಪರದೆ ಮೇಲೆ ಯಾರೂ ಆಡದ ಮಾತುಗಳು ಕೆಳಗೆ ಬರುತ್ತವೆ. ಅವರು ಆಡುವ ಮಾತು ಆಮೇಲೆಲ್ಲೋ ಬರುತ್ತದೆ. ಹೋಗ್ತಾ ಹೋಗ್ತಾ ಅಂತರ ಹೆಚ್ಚುತ್ತದೆ. ಕೊನೆಗೆ ಚಿತ್ರತಂಡದ ಹೆಸರುಗಳು ಓಡುತ್ತಿದ್ದರೂ ಕೆಳಗೆ ಇನ್ನೂ ಕಥೆಯ ಮಾತುಗಳು ಬರುತ್ತಲೇ ಇರುತ್ತವೆ. ಅಂದರೆ ನೀವು ಹಾಕಿರುವ ಸಬ್‌ಟೈಟಲ್ 182 ನಿಮಿಷದ ಆವೃತ್ತಿಯದು, ಚಿತ್ರ ಮಾತ್ರ 151 ನಿಮಿಷದ್ದು. ಸರಿಯಾದ ಸಬ್‌ಟೈಟಲ್ ನಿಮಗೆ ಬಂದಿದೆ ಅಂದಮೇಲೆ ಸರಿಯಾದ ಚಿತ್ರವೂ ಬಂದಿರಬೇಕು ಅಲ್ವಾ? ದಯವಿಟ್ಟು ಹುಡುಕಿ.

ಈಗ ಕಥೆಗೆ ಬರೋಣ. ಈ ಸಿನಿಮಾದಲ್ಲಿ ಖಳನಾಯಕ ಲೆಕ್ಸ್ ಲೂಥರ್ ಎರಡು ಕಡೆಯಿಂದ ಸಂಚು ಹೂಡುತ್ತಾನೆ. ಜನ ಸೂಪರ್‌ಮನ್‌ಗೆ ಹೆದರಬೇಕು, ಬ್ಯಾಟ್‌ಮನ್‌ಗೂ ಸೂಪರ್‌ಮನ್‌ಗೂ ಪರಸ್ಪರ ದ್ವೇಷ ಹುಟ್ಟಬೇಕು. ಇಡೀ ಸಿನಿಮಾ ನಿಂತಿರುವುದು ಈ ಸಂಚಿನ ಮೇಲೆ. ಥಿಯೇಟರ್ ಪ್ರತಿಯಲ್ಲಿ ಸಂಚಿನ ಫಲ ಕಾಣುತ್ತದೆ, ಸಂಚು ನಡೆದ ಬಗೆ ಕಾಣುವುದಿಲ್ಲ.

ಆಫ್ರಿಕಾದ ಆ ಹಳ್ಳಿಯನ್ನೇ ತೆಗೆದುಕೊಳ್ಳಿ. ಅಲ್ಲಿ ಸತ್ತವರ ವಿಷಯದಲ್ಲಿ ಸೂಪರ್‌ಮನ್ ಮೇಲೆ ಆರೋಪ ಬರುತ್ತದೆ. ಆದರೆ ಅವರನ್ನು ಕೊಂದದ್ದು ಗುಂಡುಗಳು. ಗುಂಡೇಟಿಗೆ ಅವನನ್ನು ಯಾಕೆ ದೂರಬೇಕು? ಥಿಯೇಟರ್‌ನಲ್ಲಿ ಎಷ್ಟೋ ಜನ ತಲೆ ಕೆರೆದುಕೊಂಡ ಜಾಗ ಇದು. ಉತ್ತರ ಉದ್ದದ ಆವೃತ್ತಿಯಲ್ಲಿದೆ. ಲೂಥರ್‌ನ ಬಾಡಿಗೆ ಸೈನಿಕರು ಹೆಣಗಳನ್ನು ಬೆಂಕಿಯಿಂದ ಸುಡುತ್ತಾರೆ, ಸೂಪರ್‌ಮನ್ ಕಣ್ಣಿನ ಶಾಖದಿಂದ ಸುಟ್ಟ ಹಾಗೆ ಕಾಣಲಿ ಎಂದು. ಸೆನೆಟರ್ ಫಿಂಚ್ ಮುಂದೆ ಸಾಕ್ಷಿ ಹೇಳಿದ ಕಹಿನಾ ಜಿರಿ ಎಂಬ ಹೆಂಗಸು ಆಮೇಲೆ ಅವರ ಬಳಿಯೇ ಬಂದು, ತಾನು ಹೇಳಿದ್ದು ಸುಳ್ಳು, ಹಾಗೆ ಹೇಳಿಸಿದರು ಎಂದು ಒಪ್ಪಿಕೊಳ್ಳುತ್ತಾಳೆ. ಬಳಿಕ ಅವಳನ್ನು ರೈಲಿನಡಿ ನೂಕಿ ಕೊಲ್ಲುತ್ತಾರೆ. ಥಿಯೇಟರ್ ಪ್ರತಿಯಲ್ಲಿ ಅವಳು ಸಾಕ್ಷಿ ಹೇಳಿ ಮಾಯವಾಗುತ್ತಾಳೆ. ಅವಳ ಮಾತು ಸುಳ್ಳು ಎಂಬುದೇ ನೋಡುವವರಿಗೆ ತಿಳಿಯುವುದಿಲ್ಲ. ಇದು ‘ಒಂದಷ್ಟು ಸೀನ್’ ಆಗುತ್ತದೆಯೇ?

ಅಮೆರಿಕದ ಸಂಸತ್ ಭವನವಾದ ಕ್ಯಾಪಿಟಲ್‌ನಲ್ಲಿ ನಡೆಯುವ ಸ್ಫೋಟದ ಭಾಗ ಇನ್ನೂ ಮುಖ್ಯ. ಗೋಡೆಯಾಚೆ ನೋಡಬಲ್ಲ ಸೂಪರ್‌ಮನ್ ತನ್ನ ಎದುರಿಗಿದ್ದ ವೀಲ್‌ಚೇರ್‌ನೊಳಗಿನ ಬಾಂಬ್ ಯಾಕೆ ನೋಡಲಿಲ್ಲ? ಸಿನಿಮಾ ಬಂದಾಗ ಕೇಳಿಬಂದ ದೊಡ್ಡ ಟೀಕೆಗಳಲ್ಲಿ ಇದೂ ಒಂದು. ಸ್ಟಾರ್ ಲ್ಯಾಬ್ಸ್ ಎಂಬ ಪ್ರಯೋಗಾಲಯದ ಜೆನೆಟ್ ಕ್ಲೈಬರ್ನ್ ಎಂಬ ಪಾತ್ರ ಇದಕ್ಕೆ ಉತ್ತರ ಕೊಡುತ್ತದೆ. ಕುರ್ಚಿಯ ಒಳಗೆ ಸೀಸದ ಹೊದಿಕೆ ಇತ್ತು. ಸೀಸದಾಚೆ ಅವನ ಕಣ್ಣು ಹೋಗುವುದಿಲ್ಲ. ನಟಿ ಜೆನಾ ಮಲೋನ್ ಮಾಡಿದ ಈ ಪಾತ್ರ ಥಿಯೇಟರ್ ಪ್ರತಿಯಲ್ಲಿ ಇಲ್ಲವೇ ಇಲ್ಲ. ಕುರ್ಚಿಯಲ್ಲಿದ್ದ ವ್ಯಾಲೇಸ್ ಕೀಫ್‌ನ ಮನೆಗೆ ಲೋಯಿಸ್ ಹೋಗಿ ನೋಡಿದರೆ ಫ್ರಿಜ್‌ನಲ್ಲಿ ಹೊಸದಾಗಿ ತಂದಿಟ್ಟ ದಿನಸಿ ಇರುತ್ತದೆ. ಸಾಯಲು ಹೊರಟವನು ದಿನಸಿ ತಂದಿಡುತ್ತಾನಾ? ಅವನಿಗೂ ಬಾಂಬ್ ಇರುವುದು ಗೊತ್ತಿರಲಿಲ್ಲ. ಆ ಒಂದು ಫ್ರಿಜ್‌ನಿಂದ ಕೀಫ್ ಕೊಲೆಗಾರನಲ್ಲ, ಮೋಸಹೋದವನು ಎಂದು ನಮಗೆ ಗೊತ್ತಾಗುತ್ತದೆ. ನಿಮ್ಮ ಪ್ರತಿ ನೋಡಿದವರ ಮನಸ್ಸಿನಲ್ಲಿ ಆ ಬಡಪಾಯಿ ಇವತ್ತಿಗೂ ಕೊಲೆಗಾರನೇ.

ಸ್ಫೋಟ ಆದಮೇಲೆ ಥಿಯೇಟರ್ ಪ್ರತಿಯಲ್ಲಿ ಸೂಪರ್‌ಮನ್ ಬೆಂಕಿಯ ನಡುವೆ ಸುಮ್ನೆ ನಿಂತು, ಆಮೇಲೆ ಅಲ್ಲಿಂದ ಹೊರಟುಬಿಡುತ್ತಾನೆ. ಕಲ್ಲುಮನಸ್ಸಿನವನು ಎಂದು ಜನ ಬೈದರು. ಉದ್ದದ ಆವೃತ್ತಿಯಲ್ಲಿ ಅವನು ಗಾಯಗೊಂಡವರನ್ನು ಎತ್ತಿಕೊಂಡು ಹೊರಗೆ ತರುತ್ತಾನೆ, ಸುತ್ತ ನೋಡುತ್ತಾನೆ, ಆಮೇಲೆ ಹೋಗುತ್ತಾನೆ. ಕೆಲವೇ ಕ್ಷಣಗಳ ದೃಶ್ಯ. ಅದನ್ನು ಕತ್ತರಿಸಿದ್ದಕ್ಕೆ ಒಬ್ಬ ನಾಯಕನ ಸ್ವಭಾವವೇ ಬೇರೆ ಆಗಿ ಕಂಡಿತು. ನನಗೆ ಅತಿ ಹೆಚ್ಚು ನೋವು ಕೊಡುವುದು ಇದೇ.

ಕ್ಲಾರ್ಕ್ ಕೆಂಟ್ (ಸೂಪರ್‌ಮನ್‌ನ ದಿನನಿತ್ಯದ ರೂಪ) ಪತ್ರಕರ್ತನಾಗಿ ಬ್ಯಾಟ್‌ಮನ್‌ನ ಊರಾದ ಗೋಥಮ್‌ನಲ್ಲಿ ಅಲೆಯುವುದೂ ಬಹುಪಾಲು ಈ ಅರ್ಧ ಗಂಟೆಯಲ್ಲೇ ಇದೆ. ಬ್ಯಾಟ್‌ಮನ್ ಬರೆ ಹಾಕಿದ ಕೈದಿ ಜೈಲಿನಲ್ಲಿ ಸಾಯುತ್ತಾನಲ್ಲ, ಅದನ್ನು ಮಾಡಿಸಿದ್ದೂ ಲೂಥರ್ ಕಡೆಯವರೇ ಎಂದು ತಿಳಿಯುತ್ತದೆ. ಕ್ಲಾರ್ಕ್‌ಗೆ ಬ್ಯಾಟ್‌ಮನ್ ಮೇಲೆ ಅಷ್ಟು ಸಿಟ್ಟು ಯಾಕೆ ಎಂಬುದಕ್ಕೆ ಆಗ ಕಾರಣ ಸಿಗುತ್ತದೆ.

ಈ ಸಿನಿಮಾ ಬಗ್ಗೆ ಎಲ್ಲರದ್ದೂ ಒಂದೇ ಅಭಿಪ್ರಾಯ ಎಂದು ನಾನು ಹೇಳುತ್ತಿಲ್ಲ. ಉದ್ದದ ಆವೃತ್ತಿ ನೋಡಿಯೂ ಇಷ್ಟಪಡದವರು ತುಂಬಾ ಜನ ಇದ್ದಾರೆ. ಮೂರು ಗಂಟೆ ಜಾಸ್ತಿಯಾಯಿತು, ಕತ್ತಲೆ ಜಾಸ್ತಿ, ನಗು ಇಲ್ಲ ಎನ್ನುತ್ತಾರೆ. ಜೆಸ್ಸಿ ಐಸೆನ್‌ಬರ್ಗ್ ಮಾಡಿದ ಲೂಥರ್ ಯಾವ ಆವೃತ್ತಿಯಲ್ಲೂ ಹಿಡಿಸದವರಿದ್ದಾರೆ. ‘ಮಾರ್ತಾ’ ಎಂಬ ಹೆಸರು (ಇಬ್ಬರ ತಾಯಂದಿರ ಹೆಸರೂ ಅದೇ) ಕೇಳಿ ಜಗಳ ನಿಲ್ಲುವ ಜಾಗ ಎರಡರಲ್ಲೂ ಇದೆ, ಆ ಬಗ್ಗೆ ವಾದ ಇನ್ನೂ ಮುಗಿದಿಲ್ಲ. ಬೇಗ ಸಾಗುತ್ತದೆ ಎಂದು ಥಿಯೇಟರ್ ಪ್ರತಿಯನ್ನೇ ಮೆಚ್ಚುವ ಗೆಳೆಯರು ನನಗೂ ಇದ್ದಾರೆ. ನನ್ನ ಮಟ್ಟಿಗೆ ನಿರ್ದೇಶಕ ಜ್ಯಾಕ್ ಸ್ನೈಡರ್ ಮಾಡಲು ಹೊರಟ ಸಿನಿಮಾ 182 ನಿಮಿಷದ್ದೇ, ಇನ್ನೊಂದು ಅದರ ತುಂಡು. ಆದರೆ ನಾವು ಹೀಗೆ ವಾದ ಮಾಡಬೇಕಾದರೂ ಎರಡೂ ಆವೃತ್ತಿ ಕೈಗೆ ಸಿಗಬೇಕು. ನೀವು ಒಂದರ ಹೆಸರಿನಲ್ಲಿ ಇನ್ನೊಂದನ್ನು ತೋರಿಸಿದರೆ, ಹೊಸದಾಗಿ ನೋಡುವವರು ‘ಓಹೋ, ಅಭಿಮಾನಿಗಳು ಹೊಗಳುವ ಆವೃತ್ತಿ ಇದೇನಾ, ಇದರಲ್ಲಿ ಏನಿದೆ’ ಎಂದುಕೊಳ್ಳುತ್ತಾರೆ. ತಾವು ನೋಡದ ಸಿನಿಮಾವನ್ನು ನೋಡಿ ಬಿಟ್ಟೆವು ಎಂದು ನಂಬುತ್ತಾರೆ. ನಿಮ್ಮ ಪುಟದ ಕೆಳಗಿನ ವಿಮರ್ಶೆಗಳಲ್ಲಿ ಇದು ಆಗಲೇ ಶುರುವಾಗಿದೆ. ವೀಲ್‌ಚೇರ್ ಪ್ರಶ್ನೆಯನ್ನು ಒಬ್ಬರು ಅಲ್ಲೇ ಕೇಳಿದ್ದಾರೆ. ಅವರಿಗೆ ಉತ್ತರ ಇರುವ ಭಾಗವನ್ನು ನೀವು ತೋರಿಸಿಯೇ ಇಲ್ಲ.

ಸೂಪರ್‌ಹೀರೊ ಸಿನಿಮಾಗಳಲ್ಲಿ ಇದು ಹೊಸ ವಿಷಯವೂ ಅಲ್ಲ. ‘ಡೇರ್‌ಡೆವಿಲ್’ 2003ರಲ್ಲಿ 103 ನಿಮಿಷದ ಸಿನಿಮಾ ಆಗಿ ಬಂತು. ಮರುವರ್ಷ ಬಂದ ನಿರ್ದೇಶಕರ ಆವೃತ್ತಿ 133 ನಿಮಿಷ. ಅದರಲ್ಲಿ ಒಂದು ಇಡೀ ಕೊಲೆ ಮೊಕದ್ದಮೆ ವಾಪಸ್ ಬಂತು, ನಾಯಕ ವಕೀಲ ಎಂಬುದಕ್ಕೆ ಅರ್ಥ ಬಂತು. ‘ಸೂಪರ್‌ಮನ್ 2’ ಚಿತ್ರದ ರಿಚರ್ಡ್ ಡಾನರ್ ಆವೃತ್ತಿ 2006ರಲ್ಲಿ ಬಂದಮೇಲೆ ಅದನ್ನೂ, 1980ರ ರಿಚರ್ಡ್ ಲೆಸ್ಟರ್ ಆವೃತ್ತಿಯನ್ನೂ ಎದುರುಬದುರು ಇಟ್ಟು ನೋಡುವುದೇ ಒಂದು ಖುಷಿ. ‘ಜಸ್ಟಿಸ್ ಲೀಗ್’ ಕಥೆ ನಿಮಗೆ ಗೊತ್ತೇ ಇರಬೇಕು. 2017ರಲ್ಲಿ ಬಂದ ಎರಡು ಗಂಟೆಯ ಸಿನಿಮಾಕ್ಕೂ, 2021ರ ಮಾರ್ಚ್‌ನಲ್ಲಿ ಬಂದ 242 ನಿಮಿಷದ ಸ್ನೈಡರ್ ಆವೃತ್ತಿಗೂ ಸಂಗೀತ ನಿರ್ದೇಶಕರೇ ಬೇರೆ. ಸೈಬೋರ್ಗ್ ಪಾತ್ರ ಎರಡನೆಯದರಲ್ಲಿ ಕಥೆಯ ಜೀವಾಳ. ಅದು ಹೊರಬರಲಿ ಎಂದು ಅಭಿಮಾನಿಗಳು ವರ್ಷಗಟ್ಟಲೆ ಕೇಳಿದರು. ಕೇಳುತ್ತಲೇ ಆತ್ಮಹತ್ಯೆ ತಡೆಯುವ ಕೆಲಸಕ್ಕೆ ದೇಣಿಗೆಯನ್ನೂ ಕೂಡಿಸಿದರು. ಅಷ್ಟು ಕಾದು ಪಡೆದವರ ಮುಂದೆ ‘ಎಲ್ಲ ಒಂದೇ’ ಎಂದರೆ ಹೇಗೆ?

‘ಜಸ್ಟಿಸ್ ಲೀಗ್’ನ ಈ ಸ್ನೈಡರ್ ಆವೃತ್ತಿ ನಿಮ್ಮ ಪಟ್ಟಿಯಲ್ಲೂ ಇರುವುದರಿಂದ ಒಂದು ಮಾತು ಸೇರಿಸುತ್ತೇನೆ. ಅದರ ಚೌಕಟ್ಟು 4:3, ಅಂದರೆ ಹೆಚ್ಚುಕಡಿಮೆ ಚೌಕ. ಟಿವಿಯಲ್ಲಿ ಎಡಬಲ ಕಪ್ಪು ಪಟ್ಟಿ ಬರುತ್ತದೆ. ನಿರ್ದೇಶಕರು ಬೇಕೆಂದೇ ಹಾಗೆ ಇಟ್ಟಿದ್ದು. ಪರದೆ ತುಂಬುತ್ತಿಲ್ಲ ಎಂದು ಯಾರಾದರೂ ದೂರಿದರೆ ದಯವಿಟ್ಟು ಮೇಲೆ ಕೆಳಗೆ ಕತ್ತರಿಸಿ ‘ಸರಿ’ ಮಾಡಬೇಡಿ.

ನನ್ನ ಬೇಡಿಕೆ ಇಷ್ಟು. ಆ ಪುಟದಲ್ಲಿ 182 ನಿಮಿಷದ ಫೈಲ್ ಹಾಕಿ. ಹಾಕುವ ತನಕ ‘ಅಲ್ಟಿಮೇಟ್ ಎಡಿಷನ್’ ಎಂಬ ಹೆಸರಿನಲ್ಲಿ ಮಾರುವುದನ್ನು ನಿಲ್ಲಿಸಿ. ಥಿಯೇಟರ್ ಪ್ರತಿಯನ್ನು ತೆಗೆಯಬೇಡಿ. ಅದು ಬೇಕಾದವರಿಗೆ ಬೇರೆ ಪುಟದಲ್ಲಿ ಅದರದೇ ಹೆಸರಿನಲ್ಲಿ ಇರಲಿ. ಎರಡರ ಪಕ್ಕದಲ್ಲೂ ಅವಧಿಯನ್ನು ಕಾಣುವ ಹಾಗೆ ಬರೆಯಿರಿ. ಈಗ ‘ಹೆಚ್ಚಿನ ಮಾಹಿತಿ’ ಒತ್ತಿದರೂ ನಿಮಿಷ ಎಷ್ಟು ಎಂಬುದು ಇಲ್ಲ, ಇದ್ದಿದ್ದರೆ ಕೊಳ್ಳುವ ಮೊದಲೇ ಗೊತ್ತಾಗುತ್ತಿತ್ತು. ವಯಸ್ಸಿನ ಗುರುತನ್ನೂ ಬೇರೆ ಬೇರೆ ಹಾಕಬೇಕು. ಅಮೆರಿಕದಲ್ಲಿ ಥಿಯೇಟರ್ ಪ್ರತಿಗೆ ಪಿಜಿ-13 (13ರ ಒಳಗಿನ ಮಕ್ಕಳ ಬಗ್ಗೆ ಪೋಷಕರಿಗೆ ಎಚ್ಚರಿಕೆ) ಸಿಕ್ಕಿತ್ತು, ಉದ್ದದ ಆವೃತ್ತಿಗೆ ಆರ್ (17ರ ಒಳಗಿನವರು ದೊಡ್ಡವರ ಜೊತೆ ಮಾತ್ರ ನೋಡಬಹುದು). ಮಕ್ಕಳ ಜೊತೆ ಕೂತು ನೋಡುವವರಿಗೆ ಇದು ಗೊತ್ತಿರಲೇಬೇಕು. ಉದ್ದದ ಆವೃತ್ತಿಯ 2021ರ ಹೊಸ ರೀಮಾಸ್ಟರ್‌ನಲ್ಲಿ (ಮತ್ತೆ ಸುಧಾರಿಸಿದ ಪ್ರತಿಯಲ್ಲಿ) ಐಮ್ಯಾಕ್ಸ್ ಕ್ಯಾಮೆರಾದ ದೃಶ್ಯಗಳು ಎತ್ತರದ ಚೌಕಟ್ಟಿನಲ್ಲಿ ಬರುತ್ತವೆ. ನಿಮ್ಮಲ್ಲಿರುವುದು ಅದೋ ಹಳೆಯದೋ ಎಂಬುದನ್ನೂ ತಿಳಿಸಿದರೆ ಒಳ್ಳೆಯದು.

ಈ ಪುಟದಿಂದ ಕೊಂಡವನು ನಾನೊಬ್ಬನೇ ಇರಲಾರೆ. ಉಳಿದವರಿಗೂ ಮೇಲ್ ಮಾಡಿ ವಿಷಯ ತಿಳಿಸಿ. ದೂರು ಕೊಟ್ಟವನಿಗೆ ಮಾತ್ರ ಸರಿ ಮಾಡಿ ಕೈತೊಳೆದುಕೊಳ್ಳುವುದು ಬೇಡ. ಸರಿಯಾದ ಆವೃತ್ತಿ ಕೊಡುವ ಹಕ್ಕು ನಿಮ್ಮ ಬಳಿ ಇಲ್ಲ ಎಂದಾದರೆ ಅದನ್ನೇ ನೇರವಾಗಿ ಹೇಳಿ, ಪೂರ್ತಿ ಹಣ ವಾಪಸ್ ಮಾಡಿ. ಕೂಪನ್ ಬೇಡ, ಆಪ್ ವಾಲೆಟ್‌ಗೂ ಬೇಡ. ಯಾವ ಕಾರ್ಡ್‌ನಿಂದ ಹಣ ಹೋಯಿತೋ ಅದಕ್ಕೇ ಬರಬೇಕು.

ಉತ್ತರವನ್ನು ಚಾಟ್‌ನಲ್ಲಿ ಅಲ್ಲ, ಮೇಲ್ ಮೂಲಕ ಕೊಡಿ. ಎರಡು ಆವೃತ್ತಿಗಳನ್ನೂ ನೋಡಿರುವ ಯಾರಾದರೂ ಒಬ್ಬರು ಬರೆದರೆ ಸಂತೋಷ. 15 ದಿನಗಳೊಳಗೆ ಉತ್ತರ ಬಾರದಿದ್ದರೆ ಈ ಪಾವತಿಯನ್ನು ನನ್ನ ಬ್ಯಾಂಕ್ ಮೂಲಕ ಪ್ರಶ್ನಿಸುತ್ತೇನೆ. ಪುಟದ ಸ್ಕ್ರೀನ್‌ಶಾಟ್, ರಸೀದಿ, ಒಟ್ಟು ಅವಧಿ ತೋರಿಸುವ ಚಿತ್ರ, ಸಬ್‌ಟೈಟಲ್ ತಪ್ಪಿದ ಜಾಗದ ಚಿಕ್ಕ ವಿಡಿಯೊ ಮತ್ತು ಹಿಂದಿನ ಚಾಟ್‌ನ ಪ್ರತಿಯನ್ನು ಜೊತೆಗೆ ಕಳಿಸಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ