ಟೆಕ್ಸಾಸಿಗೆ ಹೊರಟಿರುವ ಅಕ್ಕನ ಮಗಳಿಗೆ

ಚಿ. ಸೌ. ವಿದ್ಯಾಳಿಗೆ,

ಲೆಸ್ಟರಿನಿಂದ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ಇಲ್ಲಿ ನಾನೂ ನಿನ್ನ ಅತ್ತೆಯೂ ಕ್ಷೇಮ. ನೀನು, ಅಳಿಯಂದಿರು, ಪುಟ್ಟು ಮೂವರೂ ರೆಡಿಂಗಿನ ಮನೆ ಖಾಲಿ ಮಾಡಿ ಡಲ್ಲಾಸಿನ ಹತ್ತಿರದ ಪ್ಲೇನೋಗೆ ಹೊರಡುವುದು ನಿಶ್ಚಯವಾಯಿತೆಂದು ಅಕ್ಕ ಫೋನಿನಲ್ಲಿ ಹೇಳಿದಳು. ವೀಸಾ, ಬಾಡಿಗೆ, ಕಾರಿನ ವಿಮೆ ಇವುಗಳ ಬಗ್ಗೆ ಬುದ್ಧಿ ಹೇಳುವವರು ನಿನಗೆ ಬೇಕಾದಷ್ಟು ಮಂದಿ ಸಿಗುತ್ತಾರೆ. ನಾನು ಬರೆಯಹೊರಟಿರುವುದು ಬೇರೊಂದು ವಿಷಯವನ್ನು. ಬ್ರಿಟನ್ನನ್ನೂ ಅಮೆರಿಕವನ್ನೂ ಇಂಗ್ಲಿಷ್ ಮಾತನಾಡುವ ಕ್ರೈಸ್ತ ದೇಶಗಳೆಂದು ನಮ್ಮ ಕಡೆಯವರು ಒಂದೇ ಸಾಲಿಗೆ ಸೇರಿಸಿಬಿಡುತ್ತಾರೆ. ದೇವರ ವಿಷಯದಲ್ಲಿ ಇವೆರಡಕ್ಕೂ ಇರುವಷ್ಟು ಅಂತರ ಇನ್ನಾವುದರಲ್ಲೂ ಇಲ್ಲವೆಂಬುದು ನನ್ನ ಅಭಿಪ್ರಾಯ. ಇಲ್ಲಿ ರೂಢಿಸಿಕೊಂಡ ನಡವಳಿಕೆಯನ್ನೇ ಅಲ್ಲಿಗೂ ಒಯ್ದರೆ ನೀನು ಜನರನ್ನು ತಪ್ಪಾಗಿ ತಿಳಿಯುತ್ತೀಯೆ, ಅವರೂ ನಿನ್ನನ್ನು ತಪ್ಪಾಗಿ ತಿಳಿಯುತ್ತಾರೆ.

ಮೊದಲು ನೀನು ಬಿಟ್ಟು ಹೊರಟಿರುವ ದೇಶವನ್ನೇ ನೋಡು. ಕಾನೂನಿನ ಕಣ್ಣಿನಲ್ಲಿ ಇಲ್ಲಿ ಧರ್ಮ ಮತ್ತು ರಾಜ್ಯ ಬೇರೆಯಾಗಿಯೇ ಇಲ್ಲ. ದೇಶದ ರಾಜನೇ ಇಂಗ್ಲೆಂಡಿನ ಚರ್ಚಿನ ಅತ್ಯುನ್ನತ ಅಧಿಪತಿ. ಆ ಚರ್ಚಿನ 26 ಬಿಷಪ್ಪರು ಯಾವ ಚುನಾವಣೆಯನ್ನೂ ಎದುರಿಸದೆ ಸಂಸತ್ತಿನ ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಕುಳಿತು ಮಸೂದೆಗಳ ಮೇಲೆ ಮತ ಹಾಕುತ್ತಾರೆ. ಸಂಸತ್ತಿನ ಎರಡೂ ಸದನಗಳ ಕಲಾಪ ಪ್ರಾರ್ಥನೆಯಿಂದಲೇ ಆರಂಭವಾಗುತ್ತದೆ. 2023ರ ಮೇ 6ರಂದು ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ನಡೆದ ಮೂರನೆಯ ಚಾರ್ಲ್ಸ್‌ನ ಪಟ್ಟಾಭಿಷೇಕವು ಆದಿಯಿಂದ ಅಂತ್ಯದವರೆಗೆ ಚರ್ಚಿನ ಪೂಜಾವಿಧಿಯೇ ಆಗಿತ್ತು. ಭಗವದ್ಗೀತೆಯನ್ನು ಹಿಡಿದು ಸಂಸದರಾಗಿ ಪ್ರಮಾಣವಚನ ಸ್ವೀಕರಿಸಿದ್ದ ಅಂದಿನ ಪ್ರಧಾನಿ ರಿಷಿ ಸುನಕ್, ಅಂದರೆ ನಮ್ಮ ನಾಡಿನ ಅಳಿಯಂದಿರು, ಅಲ್ಲಿ ಬೈಬಲಿನ ಭಾಗವೊಂದನ್ನು ಓದಿದರು. ನಮ್ಮ ಬೀದಿಯಲ್ಲಿ ಯಾರೂ ಅದನ್ನು ವಿಶೇಷವೆಂದು ಮಾತನಾಡಿಕೊಳ್ಳಲಿಲ್ಲ.

ಇಷ್ಟೆಲ್ಲ ಇದ್ದೂ ಜನರ ಬದುಕಿನಲ್ಲಿ ಚರ್ಚು ಎಷ್ಟು ತೆಳುವಾಗಿದೆಯೆಂಬುದನ್ನು ನಾನು ಶಾಲೆಯಲ್ಲಿ ಕಂಡೆ. ಇಲ್ಲಿನ ಚರ್ಚ್ ಆಫ್ ಇಂಗ್ಲೆಂಡ್ ಪ್ರಾಥಮಿಕ ಶಾಲೆಯೊಂದಕ್ಕೆ ಕೆಲವು ವರ್ಷ ಗವರ್ನರ್, ಅಂದರೆ ಆಡಳಿತ ಮಂಡಳಿಯ ಸದಸ್ಯ, ಆಗಿದ್ದೆನಲ್ಲ, ಅದು ಸರ್ಕಾರದ ಹಣದಲ್ಲಿ ನಡೆಯುವ ಶಾಲೆ. 1944ರ ಶಿಕ್ಷಣ ಕಾಯ್ದೆಯಿಂದ ಬಂದ ನಿಯಮದಂತೆ ದಿನವೂ ಸಾಮೂಹಿಕ ಪ್ರಾರ್ಥನೆ ನಡೆಯಲೇಬೇಕು. ಸುಗ್ಗಿಯ ಪ್ರಾರ್ಥನೆಯ ದಿನ ಮಕ್ಕಳು ಮನೆಯಿಂದ ಬೇಕ್ಡ್ ಬೀನ್ಸ್ ಡಬ್ಬಿ, ಟೊಮೆಟೊ ಸೂಪಿನ ಡಬ್ಬಿ, ಪಾಸ್ತಾ ಪೊಟ್ಟಣಗಳನ್ನು ತಂದು ಮೇಜಿನ ಮೇಲೆ ಜೋಡಿಸುತ್ತಿದ್ದರು. ವಿಕಾರ್, ಅಂದರೆ ಚರ್ಚಿನ ಪಾದ್ರಿ, ಬಂದು ಐದು ನಿಮಿಷ ಮಾತನಾಡುತ್ತಿದ್ದರು. ಗುಜರಾತಿ, ಸೊಮಾಲಿ, ಪೋಲಿಷ್ ಮನೆಗಳ ಮಕ್ಕಳು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಗಟ್ಟಿ ದನಿಯಲ್ಲಿ ಕ್ರೈಸ್ತ ಗೀತೆ ಹಾಡುತ್ತಿದ್ದರು. ಡಬ್ಬಿಗಳು ಸಂಜೆ ಫುಡ್ ಬ್ಯಾಂಕಿಗೆ ಹೋಗುತ್ತಿದ್ದವು. ಮಗುವನ್ನು ಪ್ರಾರ್ಥನೆಯಿಂದ ಹೊರಗಿರಿಸುವ ಹಕ್ಕು ತಾಯಿತಂದೆಯರಿಗೆ ಇದ್ದರೂ ಅದನ್ನು ಕೇಳಿ ಬಂದವರು ತೀರ ವಿರಳ. ತಕರಾರು ಏಳುತ್ತಿದ್ದುದೆಲ್ಲ ಸೀಟಿನ ವಿಷಯಕ್ಕೆ. ಚರ್ಚಿಗೆ ಹೋಗುವ ಮನೆಯ ಮಕ್ಕಳಿಗೆ ಪ್ರವೇಶದಲ್ಲಿ ಆದ್ಯತೆ ಇದ್ದುದರಿಂದ, ಮಗುವಿಗೆ ಎರಡು ತುಂಬುತ್ತಿದ್ದಂತೆ ಭಾನುವಾರ ಚರ್ಚಿನ ಬೆಂಚಿನಲ್ಲಿ ಕಾಣಿಸಿಕೊಂಡು, ಪ್ರವೇಶದ ಪತ್ರ ಕೈಸೇರಿದ ಮರುವಾರವೇ ಮಾಯವಾಗುವ ದಂಪತಿಗಳನ್ನು ನಾವೆಲ್ಲ ಬಲ್ಲೆವು. ಇಷ್ಟು ಕರಾರುವಾಕ್ಕಾದ ವೇಳಾಪಟ್ಟಿಯ ಭಕ್ತಿ ನಮ್ಮ ಊರಿನಲ್ಲಿ ಪರೀಕ್ಷೆಯ ಹಿಂದಿನ ದಿನ ಗಣಪತಿಗೆ ಮಾತ್ರ ಸಲ್ಲುತ್ತದೆ.

2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಕ್ರೈಸ್ತರೆಂದು ಬರೆಸಿಕೊಂಡವರು ಶೇ. 46.2, ಯಾವ ಧರ್ಮವೂ ಇಲ್ಲವೆಂದವರು ಶೇ. 37.2. ರಾಜಕಾರಣಿಗಳು ಈ ಗಾಳಿಯನ್ನು ಚೆನ್ನಾಗಿ ಬಲ್ಲರು. ಟೋನಿ ಬ್ಲೇರ್ ದೈವಭಕ್ತರಾಗಿದ್ದರೂ, ಅವರ ಸಲಹೆಗಾರರಾಗಿದ್ದ ಅಲಸ್ಟೇರ್ ಕ್ಯಾಂಪ್‌ಬೆಲ್ 2003ರಲ್ಲಿ ಸಂದರ್ಶಕರೊಬ್ಬರ ಪ್ರಶ್ನೆಯನ್ನು ತಡೆದು, ದೇವರ ವಿಷಯವನ್ನು ನಾವು ಎತ್ತುವುದಿಲ್ಲವೆಂದರು; ಬ್ಲೇರ್ ಕ್ಯಾಥೊಲಿಕ್ ಪಂಥಕ್ಕೆ ಸೇರಿದ್ದು 2007ರಲ್ಲಿ, ಪ್ರಧಾನಿ ಪದವಿಯಿಂದ ಇಳಿದ ಮೇಲೆ. ಲಿಬರಲ್ ಡೆಮಾಕ್ರಾಟ್ ಪಕ್ಷದ ನಾಯಕ ಟಿಮ್ ಫ್ಯಾರನ್, ನಿಷ್ಠಾವಂತ ಕ್ರೈಸ್ತನಾಗಿದ್ದುಕೊಂಡು ಪಕ್ಷವನ್ನು ನಡೆಸುವುದು ತನಗೆ ಸಾಧ್ಯವಾಗುತ್ತಿಲ್ಲವೆಂದು ಅದೇ ಕಾರಣ ಕೊಟ್ಟು 2017ರಲ್ಲಿ ರಾಜೀನಾಮೆ ನೀಡಿದರು. ದೇವರನ್ನು ನಂಬುವುದಿಲ್ಲವೆಂದು ಹೇಳಿಕೊಂಡಿದ್ದ ಕೀರ್ ಸ್ಟಾರ್ಮರ್ 2024ರಲ್ಲಿ ಪ್ರಧಾನಿಯಾದಾಗ ಆ ಮಾತು ಚುನಾವಣೆಯ ವಿಷಯವೇ ಆಗಿರಲಿಲ್ಲ. ಉತ್ತರ ಐರ್ಲೆಂಡಿನ ಕಥೆ ಮಾತ್ರ ಬೇರೆ. ಅಲ್ಲಿ ಯಾವ ಚರ್ಚಿನವನೆಂಬುದು ಇಂದಿಗೂ ಯಾವ ಪಕ್ಷದವನೆಂಬುದನ್ನು ಬಹುಮಟ್ಟಿಗೆ ಹೇಳಿಬಿಡುತ್ತದೆ.

ಅಮೆರಿಕದಲ್ಲಿ ಇದೆಲ್ಲವೂ ತಲೆಕೆಳಗು. 1791ರಲ್ಲಿ ಜಾರಿಗೆ ಬಂದ ಸಂವಿಧಾನದ ಮೊದಲ ತಿದ್ದುಪಡಿಯು ಯಾವುದೇ ಧರ್ಮವನ್ನು ರಾಷ್ಟ್ರಧರ್ಮವಾಗಿ ಸ್ಥಾಪಿಸುವ ಶಾಸನ ಮಾಡದಂತೆ ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸನ್ನು ಕಟ್ಟಿಹಾಕಿತು. ಯಾವ ಹುದ್ದೆಗೂ ಧರ್ಮದ ಪರೀಕ್ಷೆ ಒಡ್ಡಬಾರದೆಂಬ ಮಾತು ಮೂಲ ಸಂವಿಧಾನದಲ್ಲೇ ಇದೆ. ಇದನ್ನು ನಾಸ್ತಿಕರ ಕೆಲಸವೆಂದು ಭಾವಿಸಬೇಡ. 1802ರಲ್ಲಿ ಅಧ್ಯಕ್ಷ ಜೆಫರ್ಸನ್ ಚರ್ಚು ಮತ್ತು ರಾಜ್ಯಗಳ ನಡುವಿನ ಗೋಡೆಯ ಮಾತನ್ನು ಬರೆದದ್ದು ಕನೆಕ್ಟಿಕಟ್‌ನ ಡ್ಯಾನ್‌ಬರಿಯ ಬ್ಯಾಪ್ಟಿಸ್ಟ್ ಪಂಥದ ಕ್ರೈಸ್ತರಿಗೆ. ತಮ್ಮ ರಾಜ್ಯದ ಅಧಿಕೃತ ಚರ್ಚಿನ ಅಧೀನದಲ್ಲಿ ನೊಂದಿದ್ದ ಆ ಭಕ್ತರಿಗೇ ಆ ಗೋಡೆ ಬೇಕಾಗಿತ್ತು. ಸರ್ಕಾರದ ಆಸರೆ ಇಲ್ಲದ ಮೇಲೆ ಪ್ರತಿಯೊಂದು ಚರ್ಚೂ ತನ್ನ ಭಕ್ತರನ್ನು ತಾನೇ ಹುಡುಕಿಕೊಳ್ಳಬೇಕಾಯಿತು, ಹಾಡಿನಿಂದ, ಬೋಧನೆಯಿಂದ, ಕಷ್ಟಕ್ಕೆ ಒದಗುವುದರಿಂದ. ಇಂಗ್ಲೆಂಡಿನ ವಿಕಾರ್‌ಗೆ ಆ ತೊಂದರೆ ಇರಲಿಲ್ಲ. ಪ್ಯಾರಿಷ್‌ನಲ್ಲಿ, ಅಂದರೆ ಆ ಚರ್ಚಿನ ವ್ಯಾಪ್ತಿಯ ಪ್ರದೇಶದಲ್ಲಿ, ಹುಟ್ಟಿದವರೆಲ್ಲ, ಬರಲಿ ಬಿಡಲಿ, ಅವರ ಲೆಕ್ಕಕ್ಕೇ ಸೇರುತ್ತಿದ್ದರು. ಹ್ಯೂಸ್ಟನ್ನಿನ ಲೇಕ್‌ವುಡ್ ಚರ್ಚು ಒಂದು ಕಾಲಕ್ಕೆ ಬಾಸ್ಕೆಟ್‌ಬಾಲ್ ಪಂದ್ಯಗಳು ನಡೆಯುತ್ತಿದ್ದ ಕ್ರೀಡಾಂಗಣದಲ್ಲಿ ಭಾನುವಾರದ ಪ್ರಾರ್ಥನೆ ನಡೆಸುತ್ತದೆಯೆಂದರೆ ಈ ಸ್ಪರ್ಧೆಯ ಫಲ ಏನೆಂದು ನೀನೇ ಊಹಿಸಿಕೊ.

ಪ್ಲೇನೋದಲ್ಲಿರುವ ನನ್ನ ಚಿಕ್ಕಪ್ಪನ ಮಗನ ಮನೆಗೆ ಹೋಗಿದ್ದಾಗ ಪಕ್ಕದ ಮನೆಯಾಕೆ ಪೀಕನ್ ಪೈ ಹಿಡಿದುಕೊಂಡು ಬಂದರು. ಹೆಸರು, ಊರು ಕೇಳಿದ ಮೇಲೆ ಮೂರನೆಯ ಪ್ರಶ್ನೆಯೇ, ನೀವು ಯಾವ ಚರ್ಚಿಗೆ ಹೋಗುತ್ತೀರಿ ಎಂದು. ರೆಡಿಂಗಿನಲ್ಲಿ ಅಪರಿಚಿತರು ಹೀಗೆ ಕೇಳಿದರೆ ಅಧಿಕಪ್ರಸಂಗವೆನಿಸುತ್ತದೆ. ಅಲ್ಲಿ ಅದು ನೆರೆಹೊರೆಯ ಕುಶಲೋಪರಿ. ನಿನಗೆ ಜನ ಇದ್ದಾರೆಯೇ, ಕಷ್ಟಕಾಲಕ್ಕೆ ಯಾರು ಆಗುತ್ತಾರೆ ಎಂಬ ವಿಚಾರಣೆಯೂ ಅದರೊಳಗೇ ಇರುತ್ತದೆ. ನಾವು ಹಿಂದೂಗಳು, ಇಂಥ ದೇವಸ್ಥಾನಕ್ಕೆ ಹೋಗುತ್ತೇವೆ ಎಂದು ನಗುನಗುತ್ತಾ ನೇರವಾಗಿ ಹೇಳಿಬಿಡು. ಇಲ್ಲಿಯವರಂತೆ, ನಮಗೆ ಅದೆಲ್ಲ ಅಷ್ಟಾಗಿ ಇಲ್ಲವೆಂದು ಮಾತು ತೇಲಿಸಿದರೆ ಅಲ್ಲಿ ಆಹ್ವಾನಗಳು ಇಮ್ಮಡಿಯಾಗುತ್ತವೆ. ಸಹೋದ್ಯೋಗಿಗಳು ಹೋಟೆಲಿನ ಮೇಜಿನ ಸುತ್ತ ಕೈ ಕೈ ಹಿಡಿದು, ತಲೆ ತಗ್ಗಿಸಿ, ಊಟಕ್ಕೆ ಮೊದಲು ಪ್ರಾರ್ಥಿಸಿದರೆ ಅರ್ಧ ನಿಮಿಷ ಸುಮ್ಮನಿರು; ಫೋನ್ ನೋಡಬೇಡ. ಮನೆಯವರಿಗೆ ಕಾಯಿಲೆಯೆಂದು ತಿಳಿದರೆ ನಿಮಗಾಗಿ ಪ್ರಾರ್ಥಿಸುತ್ತೇವೆ ಎನ್ನುತ್ತಾರೆ, ಹಲವರು ನಿಜವಾಗಿಯೂ ಪ್ರಾರ್ಥಿಸುತ್ತಾರೆ, ಮರುದಿನ ಅಡುಗೆ ಮಾಡಿಕೊಂಡೂ ಬರುತ್ತಾರೆ. ಇಲ್ಲಿ ಊರಿನ ಕೌನ್ಸಿಲ್ಲೂ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ಸೂ ಹೊತ್ತಿರುವ ಎಷ್ಟೋ ಭಾರವನ್ನು ಅಲ್ಲಿ ಚರ್ಚುಗಳು ಹೊತ್ತಿವೆ: ದಿನಸಿ ಹಂಚುವುದು, ಎಳೆ ಮಕ್ಕಳನ್ನು ನೋಡಿಕೊಳ್ಳುವುದು, ವಲಸೆ ಬಂದವರಿಗೆ ಇಂಗ್ಲಿಷ್ ಕಲಿಸುವುದು, ಆಸ್ಪತ್ರೆಯ ಬಿಲ್ಲಿಗೆ ಚಂದಾ ಎತ್ತುವುದು. ಲಂಡನ್ನಿನಲ್ಲಿ ಓದಿದ ನಮ್ಮ ಹುಡುಗರು ಇದನ್ನೆಲ್ಲ ಮೂಢನಂಬಿಕೆಯೆಂದು ಗೇಲಿ ಮಾಡುವುದನ್ನು ನಾನು ಕೇಳಿದ್ದೇನೆ, ನನಗದು ಹಿಡಿಸುವುದಿಲ್ಲ. ಟೆಕ್ಸಾಸಿನಲ್ಲಿ ಭಾನುವಾರ ಮದ್ಯದಂಗಡಿ ಮುಚ್ಚಿರುವುದನ್ನು ನೋಡಿ ನಗುವವರು, ಇಂಗ್ಲೆಂಡಿನಲ್ಲಿ ದೊಡ್ಡ ಅಂಗಡಿಗಳು ಭಾನುವಾರ ಆರೇ ಗಂಟೆ ತೆರೆಯುವುದನ್ನೂ ನೆನೆಯಬೇಕು.

ಆದರೆ ಇದೇ ಬಿಸಿ ರಾಜಕೀಯಕ್ಕೆ ತಗುಲಿದಾಗ ಎಚ್ಚರದಿಂದಿರಬೇಕು. 1960ರ ಸೆಪ್ಟೆಂಬರಿನಲ್ಲಿ ಜಾನ್ ಕೆನಡಿ ಅದೇ ಟೆಕ್ಸಾಸಿನ ಹ್ಯೂಸ್ಟನ್ನಿನಲ್ಲಿ ಪಾದ್ರಿಗಳ ಸಭೆಯ ಮುಂದೆ ನಿಂತು, ಕ್ಯಾಥೊಲಿಕ್ ಅಧ್ಯಕ್ಷನಾದವನು ಪೋಪರ ಮಾತಿನಂತೆ ನಡೆಯುವುದಿಲ್ಲವೆಂದು ನಂಬಿಸಬೇಕಾಯಿತು. ಅಂದು ಧರ್ಮವನ್ನು ಪಕ್ಕಕ್ಕಿಡುವ ಭರವಸೆ ಕೊಟ್ಟರೆ ಗೆಲುವು. ಇಪ್ಪತ್ತು ವರ್ಷ ಕಳೆಯುವುದರೊಳಗೆ ಅದು ತಿರುಗಿತು. ಸರ್ಕಾರಿ ಶಾಲೆಗಳು ನಡೆಸುವ ಪ್ರಾರ್ಥನೆ ಸಲ್ಲದೆಂಬ 1962ರ ತೀರ್ಪು, ಗರ್ಭಪಾತದ ಹಕ್ಕನ್ನು ಮಾನ್ಯ ಮಾಡಿದ 1973ರ ತೀರ್ಪು, ಇವುಗಳಿಂದ ಕೆರಳಿದ ಇವ್ಯಾಂಜೆಲಿಕಲ್ (ಬೈಬಲಿನ ಮಾತೇ ಅಂತಿಮವೆನ್ನುವ ಪ್ರಾಟೆಸ್ಟೆಂಟ್) ಸಮುದಾಯವನ್ನು ಜೆರ್ರಿ ಫಾಲ್ವೆಲ್ 1979ರಲ್ಲಿ ಮಾರಲ್ ಮೆಜಾರಿಟಿ ಎಂಬ ಹೆಸರಿನಲ್ಲಿ ಮತಬ್ಯಾಂಕಾಗಿ ಕಟ್ಟಿದರು. ಈಗ ಬಿಳಿಯ ಇವ್ಯಾಂಜೆಲಿಕಲ್ ಮತದಾರರಲ್ಲಿ ಐವರಿಗೆ ನಾಲ್ವರಂತೆ ರಿಪಬ್ಲಿಕನ್ ಪಕ್ಷದ ಕಡೆ ನಿಲ್ಲುತ್ತಾರೆ, 1973ರ ತೀರ್ಪೂ 2022ರಲ್ಲಿ ರದ್ದಾಯಿತು. ಬ್ರಿಟನ್ನಿನಲ್ಲಿ ಗರ್ಭಪಾತದ ಕಾಯ್ದೆ 1967ರಲ್ಲಿ ಬಂದಾಗ ಸಂಸದರು ಪಕ್ಷದ ಆದೇಶವಿಲ್ಲದೆ ತಮ್ಮ ಆತ್ಮಸಾಕ್ಷಿಯಂತೆ ಮತ ಹಾಕಿದ್ದರು. ಅದು ಪಕ್ಷಗಳ ಜಗಳವಾಗಿ ಬೆಳೆಯದಿದ್ದುದಕ್ಕೆ ಅದೂ ಒಂದು ಕಾರಣ.

ಹಾಗೆಂದು ಅಲ್ಲಿನ ಧರ್ಮವೆಲ್ಲ ಒಂದೇ ಪಕ್ಷದ್ದೆಂದು ತಿಳಿಯಬೇಡ. ಮಾರ್ಟಿನ್ ಲೂಥರ್ ಕಿಂಗ್ ಬೋಧಿಸುತ್ತಿದ್ದ ಅಟ್ಲಾಂಟಾದ ಎಬೆನೀಜರ್ ಬ್ಯಾಪ್ಟಿಸ್ಟ್ ಚರ್ಚಿನ ಹಿರಿಯ ಪಾದ್ರಿ ರಾಫಾಯಲ್ ವಾರ್ನಾಕ್ 2021ರಿಂದ ಡೆಮಾಕ್ರಾಟಿಕ್ ಸೆನೆಟರ್. ಕಪ್ಪು ಜನರ ಚರ್ಚುಗಳು ಭಾನುವಾರದ ಪ್ರಾರ್ಥನೆ ಮುಗಿಸಿ ಭಕ್ತರನ್ನು ಬಸ್ಸಿನಲ್ಲಿ ಮತಗಟ್ಟೆಗೆ ಕರೆದೊಯ್ಯುವುದು ಹಳೆಯ ವಾಡಿಕೆ. ಪ್ಯೂ ಎಂಬ ಸಂಶೋಧನಾ ಸಂಸ್ಥೆಯ 2023-24ರ ಸಮೀಕ್ಷೆಯಂತೆ ಅಲ್ಲಿಯೂ ಶೇ. 29ರಷ್ಟು ವಯಸ್ಕರಿಗೆ ಯಾವ ಧರ್ಮವೂ ಇಲ್ಲ. ಆದರೂ ದೇವರನ್ನು ನಂಬುವುದಿಲ್ಲವೆಂದು ಹೇಳಿ ಅಧ್ಯಕ್ಷ ಪದವಿಗೆ ಗೆದ್ದವರು ಇದುವರೆಗೆ ಒಬ್ಬರೂ ಇಲ್ಲ.

ನಮ್ಮವರ ವಿಷಯಕ್ಕೆ ಬರುತ್ತೇನೆ. ಲಂಡನ್ನಿನ ಥೇಮ್ಸ್ ದಂಡೆಯಲ್ಲಿ 2015ರಲ್ಲಿ ಬಸವಣ್ಣನವರ ಪ್ರತಿಮೆ ಅನಾವರಣಗೊಂಡಾಗ ಸಂಭ್ರಮಪಟ್ಟವರು ನಾವು ಮಾತ್ರ. ದಾರಿಹೋಕರು ಅತ್ತ ನೋಡದೆ ಹೋಗುತ್ತಾರೆ. ಹ್ಯೂಸ್ಟನ್ ಬಳಿಯ ಶುಗರ್ ಲ್ಯಾಂಡಿನ ದೇವಸ್ಥಾನದಲ್ಲಿ 2024ರಲ್ಲಿ 90 ಅಡಿಯ ಹನುಮಂತನನ್ನು ನಿಲ್ಲಿಸಿದಾಗ ಕೆಲವು ಕ್ರೈಸ್ತರು ಪ್ರತಿಭಟಿಸಿದರು. 2007ರಲ್ಲಿ ಸೆನೆಟ್ಟಿನ ಕಲಾಪ ಮೊದಲ ಬಾರಿಗೆ ಹಿಂದೂ ಪ್ರಾರ್ಥನೆಯಿಂದ ಆರಂಭವಾದಾಗಲೂ ಪ್ರೇಕ್ಷಕರ ಗ್ಯಾಲರಿಯಿಂದ ಕೂಗು ಎದ್ದಿತ್ತು. ಕೂಗಿದವರನ್ನು ಹೊರಗೆ ಕಳುಹಿಸಿ ಪ್ರಾರ್ಥನೆ ಮುಂದುವರಿಸಿದರು. ಹನುಮಂತನೂ ತನ್ನ ಜಾಗದಲ್ಲೇ ಇದ್ದಾನೆ, ಮೊದಲ ತಿದ್ದುಪಡಿ ಅವನನ್ನೂ ಕಾಯುತ್ತದೆ. ಕಾನೂನು ಅಲ್ಲಿಯದೇ ಮೇಲು ಎಂದು ನಾನು ಒಪ್ಪುತ್ತೇನೆ, ಇಲ್ಲಿ ಬಿಷಪ್ಪರಿಗೆ ಪುಕ್ಕಟೆಯಾಗಿ ದಕ್ಕಿರುವ ಮತವನ್ನು ಸಮರ್ಥಿಸುವ ವಾದ ಇದುವರೆಗೆ ನನ್ನ ಕಿವಿಗೆ ಬಿದ್ದಿಲ್ಲ. ಆದರೆ ದಿನನಿತ್ಯದ ನೆಮ್ಮದಿಗೆ ಇಲ್ಲಿನ ಔದಾಸೀನ್ಯ ಲೇಸು. ಆ ಗೋಡೆ ನಮ್ಮನ್ನು ಕಾಯಬೇಕಾದರೆ ನಾವೂ ಅದನ್ನು ಹತ್ತಬಾರದು: ದೇವಸ್ಥಾನದ ಸಮಿತಿಯವರು ಯಾವುದೇ ಪಕ್ಷದ ಅಭ್ಯರ್ಥಿಯನ್ನು ಮಂಟಪಕ್ಕೆ ಕರೆದು ಹಾರ ಹಾಕಹೊರಟರೆ ನೀನು, ಅಳಿಯಂದಿರು ಅದರಿಂದ ದೂರವಿರಿ.

ಪುಟ್ಟುವಿನ ಶಾಲೆಯ ಬಗ್ಗೆ ಎರಡು ಮಾತು. ಅಲ್ಲಿ ಶಿಕ್ಷಕರು ಪ್ರಾರ್ಥನೆ ಮಾಡಿಸುವಂತಿಲ್ಲ. ಆದರೆ ಬೆಳಿಗ್ಗೆ ದೇಶದ ಧ್ವಜಕ್ಕೂ ಟೆಕ್ಸಾಸಿನ ಧ್ವಜಕ್ಕೂ ಪ್ರತಿಜ್ಞೆ ಹೇಳಿಸುತ್ತಾರೆ. ಮೊದಲನೆಯದಕ್ಕೆ ದೇವರ ಹೆಸರು ಸೇರಿದ್ದು 1954ರಲ್ಲಿ, ಕಮ್ಯುನಿಸ್ಟರ ವಿರುದ್ಧದ ಶೀತಲ ಸಮರದ ಕಾಲಕ್ಕೆ, ಎರಡನೆಯದಕ್ಕೆ 2007ರಲ್ಲಿ. ಬೇಡವೆನಿಸಿದರೆ ನೀನು ಶಾಲೆಗೆ ಬರೆದುಕೊಟ್ಟು ಅವನನ್ನು ಬಿಡಿಸಬಹುದು. ನನ್ನನ್ನು ಕೇಳಿದರೆ, ಹೇಳಲಿ ಬಿಡು. ಬೈಬಲಿನ ಕಥೆಗಳಿರುವ ಪಾಠಕ್ರಮವೊಂದನ್ನು ರಾಜ್ಯದ ಶಿಕ್ಷಣ ಮಂಡಳಿ 2024ರ ನವೆಂಬರಿನಲ್ಲಿ 8-7 ಮತಗಳಿಂದ ಒಪ್ಪಿತು, ಅದನ್ನು ಬಳಸುವುದು ಬಿಡುವುದು ಆಯಾ ಶಾಲಾ ಜಿಲ್ಲೆಗೆ, ಅಂದರೆ ಆ ಊರಿನ ಶಾಲೆಗಳನ್ನು ನಡೆಸುವ ಘಟಕಕ್ಕೆ, ಬಿಟ್ಟದ್ದು. 2025ರಲ್ಲಿ ತರಗತಿಗಳಲ್ಲಿ ಬೈಬಲಿನ ಹತ್ತು ಆಜ್ಞೆಗಳನ್ನು ತೂಗುಹಾಕಬೇಕೆಂಬ ಕಾನೂನು ಬಂದು ಕೂಡಲೇ ನ್ಯಾಯಾಲಯದ ಮೆಟ್ಟಿಲೇರಿತು. ಇಂಥ ವಿಷಯಗಳು ನಿನ್ನ ಮಗನನ್ನು ತಲುಪುವ ದಾರಿ ವಾಷಿಂಗ್ಟನ್ನಿನಿಂದ ಬರುವುದಿಲ್ಲ, ಸ್ಥಳೀಯ ಶಾಲಾ ಮಂಡಳಿಯ ಮೂಲಕ ಬರುತ್ತದೆ.

ಇಲ್ಲಿ ಕಾಮನ್‌ವೆಲ್ತ್ ಪ್ರಜೆಯೆಂದು ಭಾರತದ ಪಾಸ್‌ಪೋರ್ಟಿನಲ್ಲೇ ನೀನು ಮತ ಹಾಕುತ್ತಿದ್ದೆ. ಅಲ್ಲಿ ಪೌರತ್ವವಿಲ್ಲದೆ ಮತವಿಲ್ಲ. ಡ್ರೈವಿಂಗ್ ಲೈಸೆನ್ಸಿಗೆ ಹೋದಾಗ ಮತದಾರರ ನೋಂದಣಿಯ ಪ್ರಶ್ನೆಯೂ ಬರುತ್ತದೆ. ಅದಕ್ಕೆ ಇಲ್ಲವೆಂದೇ ಗುರುತು ಹಾಕು, ಪೌರಳೆಂದು ತಪ್ಪಾಗಿ ಬರೆದುಕೊಟ್ಟರೆ ದೇಶದಿಂದ ಹೊರಗೆ ಹಾಕುವವರೆಗೂ ಹೋಗಬಹುದು. ಶಾಲಾ ಮಂಡಳಿಯ ಸಭೆಗಳು ಮಾತ್ರ ಸಾರ್ವಜನಿಕರಿಗೆ ತೆರೆದಿರುತ್ತವೆ, ಕಾರ್ಯಸೂಚಿಯೂ ಮೊದಲೇ ಪ್ರಕಟವಾಗುತ್ತದೆ, ಹೆಸರು ಬರೆಸಿದ ತಾಯಿತಂದೆಯರಿಗೆ ಮಾತನಾಡಲು ಅವಕಾಶವೂ ಉಂಟು. ಮೊದಲ ವರ್ಷ ಹಿಂದಿನ ಸಾಲಿನಲ್ಲಿ ಕುಳಿತು, ಯಾರು ಏನು ಹೇಳುತ್ತಾರೆಂದು ಕೇಳಿಸಿಕೊಂಡು ಬಾ. ಅಲ್ಲಿ ಕಂಡದ್ದನ್ನು ನನಗೂ ಬರೆ.

ಇತಿ ಆಶೀರ್ವಾದಗಳು,
ನಿನ್ನ ಸೋದರಮಾವ